ಹೆಲ್ಮೆಟ್ಟಿನ ಮೇಲಿನ ಮೂರು ಬೆರಳು

ಜನವರಿ 9

ಪ್ರೀತಿಯ ಗುಬ್ಬಿ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಮೊದಲು ಬೈದುಬಿಡು, ಆಮೇಲೆ ಮುಂದೆ ಓದು. ಫೋನು ಮಾಡಬಹುದಿತ್ತಲ್ಲ ಅಂತೀಯ. ಫೋನು ಕಿವಿಗಿಟ್ಟರೆ ನನ್ನ ಬಾಯಿಂದ ‘ಹೂಂ’, ‘ಊಟ ಆಯ್ತಾ’ ಬಿಟ್ಟು ಮೂರನೇ ಮಾತು ಹೊರಡುವುದಿಲ್ಲ. ನಿನ್ನ ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ. ನಾನು ಬರೆದದ್ದನ್ನೆಲ್ಲ ಓದಿ, ತಪ್ಪು ತಿದ್ದಿ, ಅವಳೇ ಮಡಿಸಿ ಲಕೋಟೆಗೆ ಹಾಕುವುದು ನಮ್ಮ ಮನೆಯ ಪದ್ಧತಿ ತಾನೇ. ಹಾಗಾಗಿ ಅವಳ ಮೇಲೆ ಚಾಡಿ ಹೇಳುವ ಅವಕಾಶ ಈ ಸಲವೂ ಇಲ್ಲ. ಅವಳಿಗೆ ಅದೇ ಬೆನ್ನುನೋವು, ನನಗೆ ಅದೇ ಪುಕ್ಕಲುತನ. ಉಳಿದಂತೆ ಇಬ್ಬರೂ ಗಟ್ಟಿಯಾಗಿದ್ದೇವೆ.

ನಿನ್ನ ಕಾರು ಬಂತು. ಲಾರಿಯಿಂದ ಇಳಿಸುವಾಗ ಅರ್ಧ ಬೀದಿ ಅಂಗಡಿಯ ಮುಂದೆ ನೆರೆದಿತ್ತು. ನನಗಿಂತ ವಯಸ್ಸಾದ ಕಾರು, ಆದರೂ ಏನು ಠೀವಿ ಅದಕ್ಕೆ! ನಿನಗೆ ರೇಸು ಕಲಿಸಿದ ಮೇಷ್ಟ್ರು ಅದನ್ನು ಸುಮ್ಮನೆ ಕೊಟ್ಟುಬಿಟ್ಟರು ಅಂತ ನೀನು ಬರೆದಾಗಲೇ ನನಗೆ ಅನುಮಾನ ಬಂದಿತ್ತು. ಛಾವಣಿಯ ಒಳಬಣ್ಣ ಕೆರೆದಾಗ ಗೊತ್ತಾಯಿತು. ಡ್ರೈವರ್ ಕೂರುವ ಜಾಗದ ನೇರ ಮೇಲೆ ತಗಡು ಮುದುರಿದೆ. ಅದನ್ನು ಸುತ್ತಿಗೆಯಿಂದ ತಟ್ಟಿ ನೇರ ಮಾಡಿ, ಮೇಲೆ ಪುಟ್ಟಿ ಮೆತ್ತಿ, ಬಣ್ಣ ಬಳಿದಿದ್ದಾರೆ. ಈ ಕಾರು ಹಿಂದೊಮ್ಮೆ ಮಗುಚಿದೆ ಗುಬ್ಬಿ. ಕೂಡಲೇ ಮೇಷ್ಟ್ರಿಗೆ ಫೋನು ಮಾಡಿದೆ. “ಹೌದು, ಈಗ ಇವಳು ರೇಸಿಗೆ ಹೋಗ್ತಾಳಲ್ಲ, ಅದೇ ಗುಡ್ಡದ ರಸ್ತೇಲಿ. ಓಡಿಸ್ತಿದ್ದೋನು ಬದುಕಿಕೊಂಡ. ಆದ್ರೆ ಆಮೇಲೆ ಅವನು ಸ್ಟೇರಿಂಗ್ ಮುಟ್ಟಲಿಲ್ಲ. ಅದಕ್ಕೇ ನಾನು ಅವಳಿಗೆ ಹೇಳಿದ್ದು, ರೋಲ್ ಕೇಜ್ ಹಾಕಿಸದೆ ಹತ್ತಬೇಡ ಅಂತ,” ಅಂದರು.

ನೀವು ರೋಲ್ ಕೇಜ್ ಅನ್ನುವುದು ನಮ್ಮ ಅಂಗಡಿಯಲ್ಲಿ ಪಂಜರ. ಕಾರು ಮಗುಚಿದರೆ ಛಾವಣಿ ಅಪ್ಪಚ್ಚಿಯಾಗುತ್ತದೆ. ಒಳಗಿನ ಪೈಪುಗಳು ಮಾತ್ರ ಅಲ್ಲಾಡದೆ ನಿಲ್ಲಬೇಕು. ಬಸ್ಸುಗಳ ಮೈ ಕಟ್ಟಿದ್ದೇನೆ, ಕಂಡವರ ಮಕ್ಕಳಿಗೆ ಪಂಜರವನ್ನೂ ಕಟ್ಟಿದ್ದೇನೆ, ಆಗೆಲ್ಲ ಒಂದೇ ಸಲ ಅಳೆದು ಕತ್ತರಿಸುತ್ತಿದ್ದೆ. ಈ ಸಲ ಮೊದಲ ಪೈಪನ್ನೇ ನಾಲ್ಕು ಸಲ ಅಳೆದೆ. ಆಗಲ್ಲ ಅನ್ನೋಣವೆಂದರೆ ನೀನು ಇನ್ನೊಬ್ಬನ ಹತ್ತಿರ ಹೋಗುತ್ತೀಯ. ಅವನು ಹೇಗೆ ಕಟ್ಟಿದನೋ ಏನೋ ಅಂತ ಹೆದರುವುದಕ್ಕಿಂತ ನಾನೇ ಕಟ್ಟಿ ಹೆದರುವುದು ವಾಸಿ.

ಪಂಜರಕ್ಕೆ ಮೊದಲು ಬೇಕಾದದ್ದು ಅದರೊಳಗೆ ಕೂರುವ ತಲೆ. ಹೆಲ್ಮೆಟ್ಟಿಗೂ ಮೇಲಿನ ಪೈಪಿಗೂ ನಡುವೆ ಮೂರು ಬೆರಳು ಜಾಗ ಇರಲೇಬೇಕು. ಕಾರು ಮಗುಚಿದಾಗ ಬೆಲ್ಟು ಜಗ್ಗುತ್ತದೆ, ಮೈ ಪೈಪಿನ ಕಡೆಗೆ ಜಾರುತ್ತದೆ. ಜಾಗ ಕಮ್ಮಿಯಿದ್ದರೆ ಕಾಯಬೇಕಾದ ಪೈಪೇ ತಲೆ ಒಡೆಯುತ್ತದೆ. ನೀನು ಹೇಳಿದ ಹಾಗೆ ನಿನ್ನ ಬದಲು ಅಮ್ಮನನ್ನು ಕೂರಿಸಿದೆ. ನಿನ್ನ ಉದ್ದವೆಲ್ಲ ಕಾಲಿನಲ್ಲಿದೆ, ಅದು ನನ್ನ ಕಡೆಯ ಆಸ್ತಿ. ಸೊಂಟದಿಂದ ಮೇಲೆ ನೀನು ಪೂರಾ ಅವಳು. ಕೂತರೆ ಇಬ್ಬರ ನೆತ್ತಿಯೂ ಒಂದೇ ಮಟ್ಟ. ನೀನು ಕಳಿಸಿದ ಹೆಲ್ಮೆಟ್ ಹಾಕಿಕೊಂಡು, “ರೀ, ಬಕೆಟ್ ಕವುಚಿಕೊಂಡ ಹಾಗಿದೆ, ಬೇಗ ಅಳೀರಿ,” ಅಂದಳು. ಬೆಲ್ಟು ಬಿಗಿದೆ. ಮೂರು ಬೆರಳು ದಪ್ಪಕ್ಕೆ ಒಂದು ಮರದ ತುಂಡು ಕೆತ್ತಿಟ್ಟುಕೊಂಡಿದ್ದೆ. ಅದು ಹೆಲ್ಮೆಟ್ಟಿಗೂ ಪೈಪಿಗೂ ನಡುವೆ ಬಿಗಿಯಾಗಿ ಕೂತಿತು.

ಅಳತೆ ಮುಗಿದರೂ ಅವಳು ಇಳಿಯಲಿಲ್ಲ. “ಸ್ವಲ್ಪ ಹೊತ್ತು ಇರ್ತೀನಿ. ಇಲ್ಲಿ ಕೂತ್ರೆ ಯಾರೂ ಕೆಲಸ ಹೇಳಲ್ಲ ನೋಡಿ,” ಅಂದಳು. ಸ್ಟೇರಿಂಗ್ ಹಿಡಿದು ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಯಾವ ಕಡೆಗೆ ಸವಾರಿ ಅಂತ ಕೇಳಿದೆ. “ಅವಳ ಹತ್ರ,” ಅಂದಳು.

ಹೊತ್ತಿಗೆ ಸರಿಯಾಗಿ ತಿನ್ನು. ಅಭ್ಯಾಸ ಅಂತ ಇನ್ನೊಬ್ಬರ ಕಾರಿನಲ್ಲಿ ಜೋರು ಮಾಡಬೇಡ.

ನಿನ್ನ ಅಪ್ಪ

&nbsp;

ಫೆಬ್ರುವರಿ 20

ಗುಬ್ಬಿ,

ಕೆಲಸ ಎಲ್ಲಿಗೆ ಬಂತು ಅಂತ ಎರಡು ಸಲ ಕೇಳಿದ್ದೀಯ. ಏನು ಬರೆಯಲಿ ಅಂತಲೇ ಸುಮ್ಮನಿದ್ದೆ. ಕ್ಷಮಿಸಿಬಿಡು.

ಪೈಪುಗಳೆಲ್ಲ ಕೂತಿವೆ. ಒಂದೊಂದರ ತುದಿಯನ್ನೂ ಇನ್ನೊಂದರ ಬೆನ್ನಿಗೆ ಅಂಟಿ ಕೂರುವ ಹಾಗೆ ಅರ್ಧಚಂದ್ರಾಕಾರವಾಗಿ ಕೊರೆದಿದ್ದೇನೆ, ನಡುವೆ ಉಗುರೂ ತೂರುವುದಿಲ್ಲ. ತೊಂದರೆ ಬಂದದ್ದು ಮೇಲ್ಗಡೆ. ಪಂಜರ ಛಾವಣಿಗೆ ಎಷ್ಟು ಹತ್ತಿರವೆಂದರೆ, ಪೈಪಿನ ಮೇಲುಭಾಗಕ್ಕೆ ವೆಲ್ಡಿಂಗಿನ ಮೂತಿ ಹೋಗುವುದಿಲ್ಲ. ಕೆಳಗಿನಿಂದ ಕಾಣುವಷ್ಟಕ್ಕೆ ಮಾತ್ರ ವೆಲ್ಡ್ ಹಾಕಿ ಕೈ ತೊಳೆದುಕೊಳ್ಳುವವರಿದ್ದಾರೆ. ಬಣ್ಣ ಬಿದ್ದಮೇಲೆ ಯಾರಿಗೆ ಕಾಣುತ್ತದೆ? ಆದರೆ ಅರ್ಧ ವೆಲ್ಡಿನ ಪೈಪು ಮಗುಚಿದ ಕೂಡಲೇ ಬಾಯಿ ಬಿಡುತ್ತದೆ. ನಾನು ಕಾರಿನ ನೆಲದಲ್ಲಿ ನಾಲ್ಕು ತೂತು ಕೊರೆದು, ಇಡೀ ಪಂಜರವನ್ನು ಒಂದು ಮೊಳ ಕೆಳಕ್ಕೆ ಇಳಿಸಿ, ಮೇಲಿನ ಗಂಟುಗಳನ್ನೆಲ್ಲ ಸುತ್ತಲೂ ಬೆಸೆದು, ಮತ್ತೆ ಜಾಕ್ ಕೊಟ್ಟು ಎತ್ತಿದೆ. ಕಾಲುಗಳ ಕೆಳಗೆ ದಪ್ಪ ತಗಡು ಕೊಟ್ಟು ನೆಲಕ್ಕೆ ಬೆಸೆದೆ. ಪಕ್ಕದ ಲೇತ್ ಅಂಗಡಿಯವನು, ನಾವೆಲ್ಲ ಮಿಲಿಮೀಟರ್ ಅಂತ ಕರೆಯುತ್ತೇವಲ್ಲ, ಅವನು ಬಂದು ನೋಡಿ, “ಚೆನ್ನಾಗಿದೆ,” ಅಂದ. ಅವನು ತನ್ನ ಮದುವೆ ಊಟಕ್ಕೂ ಆ ಮಾತು ಹೇಳಿದವನಲ್ಲ.

ಇಷ್ಟು ಹೊತ್ತಿಗೆ ನಾನು ಮೀಸೆ ತಿರುವಬೇಕಿತ್ತು. ಪಂಜರ ಇಳಿಸಿ ಎತ್ತಿದ್ದೇನಲ್ಲ, ಇನ್ನೊಮ್ಮೆ ಅಳೆದುಬಿಡೋಣ ಅಂತ ಅಮ್ಮನನ್ನು ಕರೆದೆ. ಬಾಗಿಲಿಗೆ ಅಡ್ಡ ಬರುವ ಪೈಪು ದಾಟಿ ಹತ್ತಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. “ನಿಮ್ಮ ಪಂಜರಕ್ಕೆ ಬಾಗಿಲೇ ಇಲ್ಲವಲ್ಲ,” ಅಂತ ನಗಾಡಿದಳು. ಹೆಲ್ಮೆಟ್ ಹಾಕಿದೆ. ಮರದ ತುಂಡನ್ನು ತಲೆಯ ಮೇಲೆ ತೂರಿಸಿದೆ. ಅದು ನಿಲ್ಲಲಿಲ್ಲ, ಜಾರಿ ಅವಳ ಮಡಿಲಿಗೆ ಬಿತ್ತು.

ಜಾಗ ಹೆಚ್ಚಾದರೆ ಒಳ್ಳೆಯದೇ ಅಲ್ಲವಾ ಅಂತ ನೀನು ಕೇಳಬಹುದು. ಅಲ್ಲ ಮಗಳೇ. ಪೈಪು ಮೇಲಕ್ಕೆ ಹೋಗಲಾರದು, ಅದು ಬೆಸೆದು ನಿಂತಿದೆ. ಹಾಗಾದರೆ ಸೀಟು ಕೆಳಗೆ ಹೋಗುತ್ತಿದೆ. ಮನುಷ್ಯರು ಕೂತ ಭಾರಕ್ಕೆ ಆ ಹಳೆಯ ನೆಲ ತಗ್ಗುತ್ತಿದೆ. ತೂತು ಕೊರೆದವನು ನಾನೇ. ಸುಮ್ಮನೆ ಕೂತರೇ ತಗ್ಗುವ ತಗಡು ಆ ಗುಡ್ಡದ ತಿರುವಿನಲ್ಲಿ ಏನಾದೀತು? ಸೀಟು ಕಿತ್ತು ಬಂದರೆ ಪಂಜರ ಇದ್ದೇನು, ಬಿಟ್ಟೇನು?

ಸೀಟಿನ ಕೆಳಗಿನ ನೆಲವನ್ನೆಲ್ಲ ಕತ್ತರಿಸಿ ತೆಗೆದು ಹೊಸ ತಗಡು ಹಾಕಿದೆ. ಮತ್ತೆ ಕೂರಿಸಿದೆ. ತುಂಡು ಮತ್ತೆ ಸಡಿಲ. ಸೀಟಿನ ಕೆಳಗೆ ಬೆರಳು ದಪ್ಪದ ಕಬ್ಬಿಣದ ಪಟ್ಟಿ ಕೊಟ್ಟು ಎತ್ತರಿಸಿದೆ, ಆಗ ಸರಿಯಾಯಿತು. ಇವತ್ತು ಇನ್ನೊಮ್ಮೆ ನೋಡಿದೆ. ಮತ್ತೆ ಸಡಿಲ! ಬೆಲ್ಟುಗಳೂ ಸಡಿಲ, ಎರಡು ಕಡೆಯೂ ಎಳೆದು ಬಿಗಿಯಬೇಕಾಯಿತು. ಸೀಟಿನಿಂದ ಪೈಪಿಗೆ ಟೇಪು ಹಿಡಿದರೆ ಅಳತೆ ಸರಿಯಿದೆ ಅನ್ನುತ್ತದೆ. ಟೇಪೇ ಸುಳ್ಳಿರಬೇಕು ಅಂತ ಹೊಸದು ತಂದೆ. ಅದೂ ಹಾಗೇ ಅನ್ನುತ್ತದೆ. ಖಾಲಿ ಸೀಟನ್ನು ಅಳೆದರೆ ಅದು ಸರಿಯಿರಲೇಬೇಕಲ್ಲ, ನೆಲ ತಗ್ಗುವುದು ಆಳು ಕೂತಾಗ ಮಾತ್ರ. ಅಮ್ಮ ಕಾರಿನೊಳಗಿಂದಲೇ, “ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಎಷ್ಟು ಸಲ ಅಂತ ನೆಲ ಕೀಳ್ತೀರಿ?” ಅಂದಳು. ನಾನು ಅವಳ ಮೇಲೆ ರೇಗಿದೆ. ನೆಟ್ಟಗೆ ಕೂರು, ಬೆನ್ನು ಬಗ್ಗಿಸಬೇಡ, ನಿನ್ನಿಂದಲೇ ಅಳತೆ ತಪ್ಪುತ್ತಿದೆ ಅಂದೆ. ಪಾಪ, ಹಲ್ಲು ಕಚ್ಚಿ ನೆಟ್ಟಗೆ ಕೂತಳು. ಆದರೂ ತುಂಡು ಬಿತ್ತು.

ಇನ್ನೂ ಅರ್ಧ ಬೆರಳು ದಪ್ಪದ ಪಟ್ಟಿಯೊಂದನ್ನು ಕತ್ತರಿಸಿಟ್ಟಿದ್ದೇನೆ. ನಾಳೆ ಅದನ್ನೂ ಹಾಕುತ್ತೇನೆ. ಆದರೆ ಕಾರಣ ತಿಳಿಯದೆ ಮೇಲೆ ಮೇಲೆ ಪಟ್ಟಿ ಕೊಡುವುದು ಯಾವ ಕೆಲಸ ಹೇಳು. ನನಗೆ ಭಯವಾಗುತ್ತಿದೆ ಗುಬ್ಬಿ. ನಾನು ಬೆಸೆದದ್ದು ನನ್ನ ಕಣ್ಣೆದುರಿಗೇ ಕುಸಿಯುತ್ತಿದೆ, ಎಲ್ಲಿ ಅಂತ ಗೊತ್ತಾಗುತ್ತಿಲ್ಲ.

ಈ ಕಾಗದ ಓದಿ ಅಮ್ಮ, “ಮಗೂನ ಯಾಕೆ ಹೆದರಿಸ್ತೀರಿ, ಹರಿದು ಬೇರೆ ಬರೀರಿ,” ಅನ್ನುತ್ತಿದ್ದಾಳೆ. ಬರೆಯುವುದಿಲ್ಲ. ಹೆದರಿಕೆ ನಿನಗೂ ಸ್ವಲ್ಪ ಇರಲಿ.

ನಿನ್ನ ಅಪ್ಪ

&nbsp;

ಮಾರ್ಚ್ 18

ಪ್ರೀತಿಯ ಗುಬ್ಬಿ,

ತಡವಾದ ಕಾಗದಕ್ಕೆ ಸಿಹಿ ಸುದ್ದಿಯೇ ಪ್ರಾಯಶ್ಚಿತ್ತ. ಪಂಜರ ಮುಗಿಯಿತು. ನೆಲದ ವಿಷಯ ನೀನು ತಲೆ ಕೆಡಿಸಿಕೊಳ್ಳಬೇಡ. ನೆಲ ಗಟ್ಟಿಯಿದೆ, ಖಂಡಿತ ಗಟ್ಟಿಯಿದೆ. ಮಿಲಿಮೀಟರ್ ತನ್ನ ಸಲಕರಣೆ ತಂದು ನೋಡಿದ್ದಾನೆ. ತಪ್ಪು ನನ್ನ ಲೆಕ್ಕದಲ್ಲಿತ್ತು.

ಪೈಪುಗಳಿಗೆ ಬೂದು ಬಣ್ಣ ಹೊಡೆದಿದ್ದೇನೆ, ಆಯ್ಕೆ ಅಮ್ಮನದು. ಕೆಂಪು ಹೊಡೆಯೋಣ ಅಂದೆ. “ಪಂಜರ ಕಣ್ಣಿಗೆ ಬೀಳಬಾರ್ದು, ಕಾರು ಬೀಳಬೇಕು,” ಅಂದಳು. ತಲೆ ಸುತ್ತಲಿನ ಪೈಪುಗಳಿಗೆ ಮೆತ್ತೆ ಹೊದಿಸಿ ಅವಳೇ ಕೈಯಾರೆ ಹೊಲಿದಿದ್ದಾಳೆ. ಮೇಷ್ಟ್ರೂ ಬಂದು ಹೋದರು. ಎರಡೂ ಕೈಯಿಂದ ಪೈಪು ಹಿಡಿದು ಜೋತುಬಿದ್ದರು, ಅವರ ಹೊಟ್ಟೆಯ ಭಾರಕ್ಕೂ ಅದು ಮಿಸುಕಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಆ ಛಾವಣಿಯ ಮುದುರನ್ನು ಬೆರಳಿನಿಂದ ಸವರುತ್ತ ನಿಂತಿದ್ದರು.

ಕಾರನ್ನು ಲಾರಿಯಲ್ಲಿ ನೇರವಾಗಿ ರೇಸಿನ ಜಾಗಕ್ಕೇ ಕಳಿಸಬೇಕೆಂದು ಅಮ್ಮನ ತೀರ್ಮಾನ. ನೀನು ರಜೆ ಹಾಕಿ ಇಲ್ಲಿಗೆ ಓಡಿಬರುವುದು ಬೇಡವಂತೆ. ಅಭ್ಯಾಸ ಬಿಡಬೇಡ, ನಮ್ಮ ಬಗ್ಗೆ ಯೋಚನೆ ಬೇಡ, ಗೆದ್ದ ಮೇಲೆ ಸಾವಕಾಶವಾಗಿ ಬಂದರೆ ಸಾಕು ಎಂದು ಬರೆಯಲು ಹೇಳುತ್ತಿದ್ದಾಳೆ. ಬರೆದಿದ್ದೇನೆ.

ನೀನು ಕೂತ ಗಾಡಿ ನಾಲ್ಕು ಚಕ್ರದ ಮೇಲೆಯೇ ಹೋಗಿ ನಾಲ್ಕು ಚಕ್ರದ ಮೇಲೆಯೇ ಬರಲಿ. ನಾನು ಬೆಸೆದ ಒಂದು ಗಂಟಿಗೂ ಕೆಲಸ ಬೀಳದಿರಲಿ. ನೂರು ವರ್ಷ ಬಾಳು ಮಗಳೇ.

ನಿನ್ನ ಅಪ್ಪ, ಅಮ್ಮ

ತಾ.ಕ. ಇದುವರೆಗಿನದನ್ನು ಅಮ್ಮ ಓದಿ, ಮಡಿಸಿ, ಲಕೋಟೆಗೆ ಹಾಕಿ ಕೊಟ್ಟಳು. ಅಂಗಡಿಗೆ ಬಂದು ಲಕೋಟೆ ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ.

ಕಾರನ್ನು ಕಳಿಸುವುದಿಲ್ಲ. ನೀನೇ ಬಾ, ಈ ಕಾಗದ ಸಿಕ್ಕಿದ ದಿನವೇ ಹೊರಡು.

ಎರಡನೇ ಪಟ್ಟಿ ಹಾಕಿ ಸ್ವಲ್ಪ ದಿನಕ್ಕೆ ಮರದ ತುಂಡು ಮತ್ತೆ ಬಿತ್ತು. ನಾನು ಗ್ರೈಂಡರ್ ತೆಗೆದುಕೊಂಡು ನೆಲ ಕತ್ತರಿಸಲು ಹೊರಟೆ. ಮಿಲಿಮೀಟರ್ ಕೈ ಹಿಡಿದ. ಕೂದಲೆಳೆಯಷ್ಟು ಅಲುಗಿದರೂ ಮುಳ್ಳು ತಿರುಗುವ ಗೇಜೊಂದನ್ನು ತಂದು ಸೀಟಿನ ಕೆಳಗೆ ಕಟ್ಟಿದ. ಅಮ್ಮ ಹತ್ತಿ ಕೂತಳು. ಮುಳ್ಳು ಅಲುಗಲಿಲ್ಲ. ಅವಳು ಇಳಿದ ಮೇಲೆ ನಾನು ಕೂತೆ, ಅವನೂ ಕೂತ. ಮುಳ್ಳು ಇದ್ದಲ್ಲೇ ಇತ್ತು. ಅಮ್ಮ ಆ ಹೊತ್ತಿಗೆ ಪೈಪು ಹಿಡಿದುಕೊಂಡು ಉಸಿರು ಸುಧಾರಿಸಿಕೊಳ್ಳುತ್ತ ನಿಂತಿದ್ದಳು. ಅವನು ನನ್ನ ಹತ್ತಿರ ಬಂದು ಮೆಲ್ಲಗೆ, “ನೆಲ ತಗ್ತಾ ಇಲ್ಲ ಕಣಯ್ಯ. ನಾಳೆ ಅಂಗಡಿ ಮುಚ್ಚು. ಅವರನ್ನ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗು,” ಅಂದ.

ಅವಳ ಬೆನ್ನುಮೂಳೆಯ ಮಣಿಗಳು ಒಂದೊಂದಾಗಿ ಕುಸಿಯುತ್ತಿವೆ ಗುಬ್ಬಿ. ರಕ್ತದ ಕಾಯಿಲೆ, ಅದು ಮೂಳೆಗೆ ಇಳಿದಿದೆ ಅಂದರು ಡಾಕ್ಟರು. ಔಷಧಿ ಇದೆ, ಕೊಡೋಣ, ಆದರೆ ತಡವಾಗಿದೆ ಅಂದರು. ಎಷ್ಟು ತಡ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ, ಅವಳೇ ಕೇಳಿದಳು. ನೀನು ಬಂದ ಮೇಲೆ ಅದನ್ನು ಅವಳ ಬಾಯಿಂದಲೇ ಕೇಳು.

ಆ ಅಡ್ಡ ಪೈಪು ದಾಟಿ ಹತ್ತುವಾಗಲೆಲ್ಲ ಪ್ರಾಣ ಹೋಗುವಷ್ಟು ನೋಯುತ್ತಿತ್ತಂತೆ. ಯಾಕೆ ಬಾಯಿಬಿಡಲಿಲ್ಲ ಅಂತ ಕೇಳಿದರೆ, “ನಾನು ಕೂರದೇ ಇದ್ರೆ ಅವಳ ತಲೆ ಅಳತೆಗೆ ಇನ್ಯಾರಿದ್ರು?” ಅಂತಾಳೆ. ರೇಸು ಮುಗಿಯುವವರೆಗೆ ನಿನಗೆ ತಿಳಿಸಕೂಡದು ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಅಷ್ಟು ದಿನ ಇದನ್ನು ನಾನೊಬ್ಬನೇ ಹೊರಲಾರೆ. ರೇಸು ಬಿಡು ಅನ್ನುವುದಿಲ್ಲ, ಓಡಿಸು, ಅವಳಿಗೂ ಅದೇ ಆಸೆ. ಆದರೆ ಮೊದಲು ಬಂದು ಅವಳ ಪಕ್ಕದಲ್ಲಿ ಕೂರು.

ಸೀಟನ್ನು ಹಾಗೇ ಬಿಟ್ಟಿದ್ದರೆ ಕಾರು ಮಗುಚಿದಾಗ ನಿನ್ನ ತಲೆ ಪೈಪಿಗೆ ಬಡಿಯುತ್ತಿತ್ತು. ಅದಕ್ಕೆ ಇವತ್ತು ಬೆಳಿಗ್ಗೆ ಎರಡೂ ಪಟ್ಟಿಗಳನ್ನು ಬಿಚ್ಚಿ ತೆಗೆದೆ. ಬೆಂಚಿನ ಮೇಲೆ ಒಂದರ ಮೇಲೊಂದು ಇಟ್ಟಿದ್ದೇನೆ, ಒಂದೂವರೆ ಬೆರಳು ದಪ್ಪ ಇವೆ. ನಿನ್ನ ಅಮ್ಮ ಅಷ್ಟು ಕಡಿಮೆಯಾಗಿದ್ದಾಳೆ. ನಾನು ನೆಲವನ್ನು ಬೈಯುತ್ತ ಅದನ್ನು ಸೀಟಿನ ಕೆಳಗಿಟ್ಟು ಬೋಲ್ಟು ಬಿಗಿಯುತ್ತಿದ್ದೆ.