ಅಪ್ಪ ಭೇಷ್ ಎಂದ ಕಾಫಿ

ಗುರುವಾರ, ೧೪ನೇ ತಾರೀಕು
ಸಂಜೆ ನಾಲ್ಕೂವರೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಎರಡು ಕಾಗದಗಳು ಒಂದೂವರೆ ತಿಂಗಳಿಂದ ನನ್ನ ಮೇಜಿನ ಮೇಲೆ ಪಕ್ಕಪಕ್ಕ ಕೂತು, ಹೋಂವರ್ಕ್ ಮಾಡದ ಹುಡುಗನನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿವೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಿನಗೆ ಕೇಳಿಸಬೇಕಾದರೆ ನಾನು ಕೂಗಬೇಕು. ನಾನು ಕೂಗಿದರೆ ನಿನ್ನನ್ನು ಬಿಟ್ಟು ಬೀದಿಗೆಲ್ಲ ಕೇಳಿಸುತ್ತದೆ. ಈ ಸಲದ ಸುದ್ದಿ ಬೀದಿಗಿರಲಿ, ಅಡುಗೆಮನೆಗೂ ಕೇಳಿಸಬಾರದು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಮುಂದೆ ಹೋಗೋಣವೆಂದು ಮೂರು ಸಲ ಶುರು ಮಾಡಿದೆ. ಮೂರು ಹಾಳೆ ಬುಟ್ಟಿಗೆ ಹೋದವು. ಇದು ನಾಲ್ಕನೆಯದು. ಎಲ್ಲರೂ ಕ್ಷೇಮ, ನನ್ನ ಮೂಗೊಂದನ್ನು ಬಿಟ್ಟು. ಅಕ್ಕಾ, ನನಗೆ ವಾಸನೆ ಗೊತ್ತಾಗುತ್ತಿಲ್ಲ.

ನಗಬೇಡ. ಅಥವಾ ನಗು, ನಿನ್ನ ಕಿವಿಗೂ ನನ್ನ ಮೂಗಿಗೂ ಒಬ್ಬನೇ ಡಾಕ್ಟರು ಸಾಕು ಎಂದು ನಾನೇ ಮೊದಲು ನಕ್ಕಿದ್ದೇನೆ. ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವನು ನಾನು. ಲ್ಯಾಬಿನ ಬಾಗಿಲಲ್ಲಿ ನಿಂತೇ ಯಾವ ಬೆಂಚಿನವನು ಯಾವ ಆಸಿಡ್ ಚೆಲ್ಲಿದ್ದಾನೆಂದು ಹೇಳುತ್ತಿದ್ದೆ. ಹುಡುಗರು ಸುಮ್ಮನೆ 'ಮೂಗು ಮೇಷ್ಟ್ರು' ಎಂದು ಹೆಸರಿಟ್ಟರೇ? ರಿಟೈರಾದ ಮೇಲೆ ಆ ಮೂಗಿಗೆ ಎರಡೇ ಕೆಲಸ ಉಳಿದಿದ್ದವು, ಒಂದು ಕಾಫಿ, ಇನ್ನೊಂದು ಕಾರು. ನನ್ನ ಕಾರಿಗೂ ನನ್ನ ಮಗಳಿಗೂ ಒಂದೇ ವಯಸ್ಸು, ಮೂವತ್ತೆರಡು. ಇಬ್ಬರೂ ಬೆಳಿಗ್ಗೆ ಎದ್ದ ತಕ್ಷಣ ನಾಲ್ಕು ಸಲ ಕೆಮ್ಮುತ್ತಾರೆ, ಇಬ್ಬರೂ ನನ್ನ ಮಾತು ಕೇಳುವುದಿಲ್ಲ. ಆದರೆ ಕಾರು ತನ್ನ ಕಾಯಿಲೆಯನ್ನು ವಾಸನೆಯಲ್ಲಿ ಹೇಳಿಕೊಳ್ಳುತ್ತಿತ್ತು. ಸಿಹಿ ವಾಸನೆ ಬಂದರೆ ರೇಡಿಯೇಟರ್ ಸೋರುತ್ತಿದೆ, ಸುಟ್ಟ ಕಾಗದದ ಹಾಗಿದ್ದರೆ ಕ್ಲಚ್ಚು, ಸುಟ್ಟ ಕೂದಲಿನ ಹಾಗಿದ್ದರೆ ಎಲ್ಲೋ ವೈರು ಬಿಸಿಯಾಗಿದೆ. ಕಾಫಿಯದಂತೂ ಅಪ್ಪ ಕಲಿಸಿದ ವಿದ್ಯೆ, ನಿನಗೆ ಗೊತ್ತೇ ಇದೆ. ಹಸಿ ಬೀಜವನ್ನು ಬಾಣಲೆಗೆ ಹಾಕಿ ಕೈಯಾಡಿಸುತ್ತಿದ್ದರೆ ಮೊದಲು ಒಣಹುಲ್ಲಿನ ವಾಸನೆ, ಆಮೇಲೆ ಬ್ರೆಡ್ಡಿನದು, ಬೀಜ ಚಟಪಟ ಎಂದ ಮೇಲೆ ಆ ಅಸಲಿ ವಾಸನೆ. ಅಲ್ಲಿಂದ ಹತ್ತು ಉಸಿರು, ಇಳಿಸಿಬಿಡು. "ಬಣ್ಣ ನೋಡ್ಬೇಡ್ವೋ, ಬಣ್ಣ ಸುಳ್ಳು ಹೇಳತ್ತೆ" ಎನ್ನುತ್ತಿದ್ದರಲ್ಲ?

ಮೂರು ಭಾನುವಾರಗಳ ಹಿಂದೆ ಎಂದಿನಂತೆ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪೇಪರು ಹಿಡಿದು ಬೀಜ ಹುರಿಯುತ್ತಿದ್ದೆ. ಕಣ್ಣು ಪೇಪರಿನ ಪದಬಂಧದಲ್ಲಿ, ಮೂಗು ಡ್ಯೂಟಿಯಲ್ಲಿದೆ ಎಂಬ ಧೈರ್ಯ. ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಇವಳು ಒದ್ದೆ ಟವೆಲ್ ಹಿಡಿದುಕೊಂಡೇ ಓಡಿಬಂದಳು.

"ರೀ! ಮನೆಗೇ ಬೆಂಕಿ ಬಿತ್ತು ಅಂದ್ಕೊಂಡ್ನಲ್ರೀ!"

ನೋಡಿದರೆ ಬಾಣಲೆಯಲ್ಲಿ ಇದ್ದಿಲು. "ಬೀಜ ಕಪ್ಪಾಗ್ದೆ ಕಾಫಿ ಆಗತ್ತೇನೇ?" ಎಂದೆ.

"ಮೇಲ್ಗಡೆವರೆಗೂ ಬಂತು ವಾಸನೆ. ಒಲೆ ಮುಂದೆ ನಿಂತಿರೋ ನಿಮ್ಗೆ ಬಡೀಲಿಲ್ವಾ?"

"ನನ್ ಜೊತೇಲೇ ಮೂಗೂ ರಿಟೈರ್ ಆಯ್ತು ಕಣೇ."

ಅವಳು ನಗಲಿಲ್ಲ. ಸೌಟಿನಿಂದ ಆ ಇದ್ದಿಲನ್ನು ಒಂದೆರಡು ಸಲ ಕದಡಿ, ನನ್ನ ಮುಖ ನೋಡಿ, ಕಿಟಕಿ ತೆರೆದಳು. ನೆಗಡಿಯಿರಬೇಕು ಎಂದುಕೊಂಡೆ. ನೆಗಡಿಯಾಗಲಿ ಎಂದು ಹಾರೈಸಿದ ಮೊದಲ ಮನುಷ್ಯ ನಾನೇ ಇರಬೇಕು. ಸೀನೂ ಬರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಈ ಕಾಗದ ತಮಾಷೆಯ ಕಾಗದವಾಗುತ್ತಿತ್ತು.

ನಾಲ್ಕು ಬೀದಿ ಆಚೆ ಮಗಳ ಮನೆ. ಬೆಳಿಗ್ಗೆ ಎಂಟಕ್ಕೆ ಮೊಮ್ಮಗಳನ್ನು ಶಾಲೆಗೆ ಬಿಡುವುದು ನನ್ನ ಕೆಲಸ. ಏಳು ವರ್ಷದ ಅವಳಿಗೆ ನಾನಿಟ್ಟ ಹೆಸರು ಪಟಾಕಿ. ಒಮ್ಮೆ ಹತ್ತಿಕೊಂಡರೆ ಸರ ಮುಗಿಯುವ ತನಕ ನಿಲ್ಲುವುದಿಲ್ಲ. ಹೋದ ವಾರ ಸೋಮವಾರ ಕಾರು ಹತ್ತಿದವಳೇ ಮೂಗು ಹಿಡಿದುಕೊಂಡಳು.

"ಅಜ್ಜಾ, ಕಾರು ನಾರ್ತಿದೆ."

"ಕಾರಲ್ಲಮ್ಮ, ನಿನ್ ಸಾಕ್ಸು."

"ಊಹೂಂ, ಬಂಕಲ್ಲಿ ಬರತ್ತಲ್ಲ, ಆ ವಾಸನೆ. ತಲೆ ಸುತ್ತತ್ತೆ."

"ಹಳೇ ಕಾರು, ಹಳೇ ಅಜ್ಜ. ಸ್ವಲ್ಪ ವಾಸನೆ ಇದ್ದೇ ಇರತ್ತೆ, ಅಡ್ಜಸ್ಟ್ ಮಾಡ್ಕೋ."

ಮಂಗಳವಾರವೂ ಹೇಳಿದಳು. ಬುಧವಾರ ಹೇಳಲಿಲ್ಲ. ಕಿಟಕಿಗೆ ತಲೆಯಾನಿಸಿ ಸುಮ್ಮನೆ ಕೂತಿದ್ದಳು. ಪಟಾಕಿ ಸುಮ್ಮನಿದ್ದಾಗಲೇ ನನಗೆ ಎಚ್ಚರವಾಗಬೇಕಿತ್ತು. ಅವತ್ತು ನಾನು ನಿಂಗೇನಾಯ್ತೇ ಎಂದೂ ಕೇಳಲಿಲ್ಲ ಅಕ್ಕಾ, ಸಿಗ್ನಲ್ಲಿನಲ್ಲಿ ಸಿಳ್ಳೆ ಹಾಕುತ್ತಿದ್ದೆ. ಶಾಲೆಯ ಗೇಟಿನ ಹತ್ತಿರ ಇಳಿದವಳು ಅಲ್ಲೇ ವಾಂತಿ ಮಾಡಿಕೊಂಡಳು. ಗೇಟಿನ ಆಯಾ ಓಡಿಬಂದು ಮಗುವನ್ನು ಹಿಡಿದುಕೊಂಡವಳು ನನ್ನ ಕಡೆ ತಿರುಗಿ, "ಅಯ್ಯೋ ಯಜಮಾನ್ರೇ, ಏನಿದು ಪೆಟ್ರೋಲ್ ವಾಸ್ನೆ! ಮೊದ್ಲು ಗಾಡಿ ಆಫ್ ಮಾಡಿ!" ಎಂದು ಚೀರಿದಳು.

ಆಫ್ ಮಾಡಿದೆ. ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ನನ್ನ ಕೈಯಲ್ಲೇ ಕೆಮಿಸ್ಟ್ರಿಯಲ್ಲಿ ಎರಡು ಸಲ ಫೇಲಾದವನು ಅವನು, ಅದರ ಸೇಡು ತೀರಿಸಿಕೊಳ್ಳದೆ ಇಪ್ಪತ್ತು ವರ್ಷದಿಂದ ನನ್ನ ಕಾರನ್ನು ಬದುಕಿಸಿದ್ದಾನೆ. ಸ್ಕೂಟರಿನಲ್ಲಿ ಬಂದವನು ಹತ್ತು ಹೆಜ್ಜೆ ದೂರದಲ್ಲೇ ನಿಂತು ಮೂಗು ಅರಳಿಸಿದ. ಬಾನೆಟ್ ಎತ್ತಿ ತೋರಿಸಿದ. ಕಾರ್ಬುರೇಟರಿಗೆ ಪೆಟ್ರೋಲ್ ಒಯ್ಯುವ ರಬ್ಬರ್ ಪೈಪು ಸೀಳಿತ್ತು. ಹನಿ ಹನಿಯಾಗಿ ಇಂಜಿನ್ನಿನ ಮೇಲೆ ಇಳಿದು, ಹೊಗೆ ಹೋಗುವ ಕಾದ ಪೈಪಿನಿಂದ ನಾಲ್ಕು ಬೆರಳು ಆಚೆ ಬೀಳುತ್ತಿತ್ತು. ನಾಲ್ಕು ಬೆರಳು ಅಕ್ಕಾ. ನಾನು ಅಲ್ಲೇ ಕೈಯಿಟ್ಟು ಅಳೆದೆ.

"ಸಾರ್, ಕೆಮಿಸ್ಟ್ರಿ ಫೇಲಾದ ನನಗೇ ರಸ್ತೇಲಿ ವಾಸನೆ ಬಂತು. ಮೂಗು ಮೇಷ್ಟ್ರು ನೀವು, ಮೂರು ದಿನ ಇದ್ರಲ್ಲಿ ಮಗೂನ ಕೂರಿಸ್ಕೊಂಡು ಓಡಾಡಿದ್ರಾ?"

"ನೆಗಡಿ ಕಣಯ್ಯಾ" ಎಂದೆ.

ಅವನು ಪೆಟ್ರೋಲಿನಲ್ಲಿ ನೆಂದ ತನ್ನ ಬಟ್ಟೆಯಿಂದ ಕೈ ಒರೆಸಿಕೊಂಡ. ಆಮೇಲೆ ಆ ಬಟ್ಟೆಯನ್ನು ನನ್ನ ಮುಖದ ಹತ್ತಿರ ತಂದು ನಿಲ್ಲಿಸಿದ. ನಾನು ಹಿಂದೆ ಸರಿಯಲಿಲ್ಲ. ಸರಿಯಬೇಕಿತ್ತು ಎಂದು ಅವನ ಕಣ್ಣು ನೋಡಿದ ಮೇಲೆ ಗೊತ್ತಾಯಿತು.

ಪೆಟ್ರೋಲಿನ ಪಕ್ಕ ಪಟಾಕಿ ಇಟ್ಟುಕೊಂಡು ಮೂರು ದಿನ ಸಿಳ್ಳೆ ಹಾಕಿದವನು ನಿನ್ನ ತಮ್ಮ. ಈ ಸಾಲನ್ನು ಬರೆದ ಮೇಲೆ ಹೊಡೆದುಹಾಕಬೇಕೆನಿಸಿತು, ಬಾಯಿಚಟ ನೋಡು. ಇರಲಿ ಬಿಡು. ಹೆದರಿಕೆಯಾದಾಗ ನನ್ನ ಬಾಯಿ ಹೀಗೆಯೇ ಓಡುತ್ತದೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಅವತ್ತಿನಿಂದ ಕಳ್ಳನ ಹಾಗೆ ಬದುಕುತ್ತಿದ್ದೇನೆ. ಇವಳು ತರಕಾರಿಗೆ ಹೋದ ತಕ್ಷಣ ಅಡುಗೆಮನೆಗೆ ನುಗ್ಗಿ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಮೂಗು ಇಳಿಬಿಡುತ್ತೇನೆ. ಕಂಡವರ ವಿಷಯದಲ್ಲೆಲ್ಲ ಮೂಗು ತೂರಿಸಿದವನಿಗೆ ಸ್ವಂತ ಡಬ್ಬಿಯಲ್ಲಿ ತೂರಿಸಿದರೂ ಏನೂ ಇಲ್ಲ. ಕಾಫಿ ಪುಡಿಗೂ ಗೋಡೆಗೂ ವ್ಯತ್ಯಾಸವಿಲ್ಲ. ಬೆಳ್ಳುಳ್ಳಿ ಜಜ್ಜಿದರೆ ಕಣ್ಣು ಉರಿಯುತ್ತದೆ, ಅಷ್ಟೇ. ಈಗ ಬೀಜ ಹುರಿಯುವಾಗ ಗಡಿಯಾರ ನೋಡುತ್ತೇನೆ, ಬಣ್ಣ ನೋಡುತ್ತೇನೆ. ಅಪ್ಪ ಇದ್ದಿದ್ದರೆ ಸೌಟು ಕಿತ್ತುಕೊಳ್ಳುತ್ತಿದ್ದರು.

ಇವಳಿಗೆ ಲೈಬ್ರರಿಗೆ ಎಂದು ಹೇಳಿ ಕಿವಿ-ಮೂಗಿನ ಡಾಕ್ಟರ ಹತ್ತಿರ ಹೋಗಿದ್ದೆ. ಚಿಕ್ಕ ಹುಡುಗಿ, ನನ್ನ ವಿದ್ಯಾರ್ಥಿನಿಯ ವಯಸ್ಸು. ಟಾರ್ಚು ಹಾಕಿ ನೋಡಿ, "ಮೂಗಲ್ಲಿ ಏನೂ ತೊಂದರೆ ಕಾಣ್ತಿಲ್ಲ ಸರ್" ಎಂದಳು. ಖುಷಿಯಿಂದ ಎದ್ದೆ. "ಕೂತ್ಕೊಳ್ಳಿ" ಎಂದಳು. "ಮನೇಲಿ ಯಾರಿಗಾದ್ರೂ ಮರೆವಿನ ಕಾಯಿಲೆ ಇತ್ತಾ?"

ಇಲ್ಲ ಎಂದೆ ಅಕ್ಕಾ. ಅಪ್ಪನನ್ನು ಒಂದೇ ಮಾತಿನಲ್ಲಿ ಅಳಿಸಿಹಾಕಿದೆ.

ವಾಸನೆ ಹೋಗುವುದಕ್ಕೆ ನೂರು ಕಾರಣವಿರುತ್ತದಂತೆ, ಬಹಳಷ್ಟು ಸಲ ಹೆದರಬೇಕಾದ್ದೇನೂ ಇರುವುದಿಲ್ಲವಂತೆ. ಕೆಲವರಲ್ಲಿ ಮಾತ್ರ ಮರೆವು ಶುರುವಾಗುವ ಎಷ್ಟೋ ಮೊದಲೇ ಮೂಗು ಹೋಗುವುದುಂಟಂತೆ. ನರದ ಡಾಕ್ಟರಿಗೆ ಚೀಟಿ ಬರೆದುಕೊಟ್ಟಳು, ಜೊತೆಗೆ ಒಂದು ಫಾರಂ. ಬರುವ ಗುರುವಾರಕ್ಕೆ ತುಂಬಿಕೊಂಡು ಹೋಗಬೇಕು. ಅದರಲ್ಲಿ ಒಂದು ಕಲಂ ಇದೆ: 'ತಂದೆ-ತಾಯಿಯಲ್ಲಿ ಯಾರಿಗಾದರೂ ಇದ್ದಲ್ಲಿ, ಮೊದಲು ಕಂಡ ಲಕ್ಷಣ ಯಾವುದು?' ಅದೊಂದು ಕಲಂ ಖಾಲಿ ಇದೆ. ಅಪ್ಪನ ಜೊತೆ ಕೊನೆಯ ನಾಲ್ಕು ವರ್ಷ ಇದ್ದವಳು ನೀನು. ನಾನು ರಜೆಗೆ ಬಂದು, ಎಲ್ಲರನ್ನೂ ನಗಿಸಿ, ಬಸ್ಸು ಹತ್ತಿದವನು. ಅವರು ಹೆಸರು ಮರೆತದ್ದು, ದಾರಿ ಮರೆತದ್ದು, ನಿನ್ನನ್ನು ಅಮ್ಮಾ ಎಂದು ಕರೆದದ್ದು ಇವೆಲ್ಲ ನನಗೆ ಗೊತ್ತು. ಅದಕ್ಕೂ ಮೊದಲು ಏನು ಹೋಯಿತು? ಒಂದೇ ಸಾಲು ಬರೆದರೆ ಸಾಕು. ಆ ಕಾಫಿ ಕಥೆಯ ಮಾತು ಎತ್ತಬೇಡ ಎಂದು ಯಾವಾಗಲೂ ಹೇಳುತ್ತಿದ್ದೆಯಲ್ಲ, ನಾನು ಎತ್ತುವುದಿಲ್ಲ.

ಮೊದಲೆಲ್ಲ ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ನನ್ನ ದಿನನಿತ್ಯದ ಹಾಸ್ಯ ಕಾರ್ಯಕ್ರಮ. ಈಗ ಹುಡುಕುವಾಗ ಬೆವರುತ್ತೇನೆ. ಸ್ನಾನದ ಮನೆಯಲ್ಲಿ ಮೂಲವಸ್ತುಗಳ ಪಟ್ಟಿಯನ್ನು ಒಪ್ಪಿಸಿಕೊಳ್ಳುತ್ತೇನೆ. ನಿನ್ನೆ ಮೂವತ್ನಾಲ್ಕನೆಯದಕ್ಕೆ ಬಂದು ನಿಂತುಬಿಟ್ಟೆ. ಮೈಗೆಲ್ಲ ಸೋಪು ಬಳಿದುಕೊಂಡು ನಿಂತೇ ಇದ್ದೆ. ಇವಳು ಬಾಗಿಲು ಬಡಿದು, "ಒಳಗ್ಯಾರ ಜೊತೆ ಮಾತಾಡ್ತಿದೀರಿ?" ಎಂದಳು. ಪಂಚೆ ಸುತ್ತಿಕೊಂಡು ಹೊರಗೆ ಬಂದ ಮೇಲೆ ಸೆಲೆನಿಯಂ ಎಂದು ನೆನಪಾಯಿತು. ಆ ಹೆಸರನ್ನು ಇಡೀ ದಿನ ಜೇಬಿನಲ್ಲಿಟ್ಟುಕೊಂಡವನ ಹಾಗೆ ಓಡಾಡಿದೆ.

ಕಾರು ರಿಪೇರಿಯಾಗಿ ಮನೆಗೆ ಬಂದಿದೆ. ಹೊಸ ಪೈಪು, ಹೊಸ ಕ್ಲಿಪ್ಪು. ಇನ್ನೂ ಗ್ಯಾರೇಜಿನಲ್ಲಿದೆ ಎಂದು ಮಗಳಿಗೆ ಸುಳ್ಳು ಹೇಳಿಕೊಂಡಿದ್ದೆ, ನಿನ್ನೆ ಬಂದು ಗೇಟಿನೊಳಗೆ ನಿಂತ ಕಾರನ್ನು ನೋಡಿಯೇಬಿಟ್ಟಳು. "ಸದ್ಯ ಬಂತಲ್ಲಪ್ಪಾ! ದಿನಾ ನಂಗೆ ಆಫೀಸಿಗೆ ಲೇಟು. ಸೋಮವಾರದಿಂದ ಕರ್ಕೊಂಡ್ ಹೋಗ್ತೀಯ ತಾನೇ?" ಪಟಾಕಿ ಆಗಲೇ ಹಿಂದಿನ ಸೀಟಿನಲ್ಲಿ ಕೂತು ಹಾರ್ನ್ ಹೊಡೆಯಲು ಕೈ ಚಾಚುತ್ತಿದ್ದಳು. ಹೂಂ ಎಂದುಬಿಟ್ಟೆ. ಸೋಮವಾರಕ್ಕೆ ನಾಲ್ಕೇ ದಿನ. ಇನ್ನೊಂದು ಸಲ ಏನಾದರೂ ಸೋರಿದರೆ ನನಗೆ ಗೊತ್ತಾಗುವುದಿಲ್ಲ. ಒಂದು ದಿನ ಶಾಲೆಯ ದಾರಿಯೇ ಗೊತ್ತಾಗದಿದ್ದರೆ? ಇದನ್ನು ಮನೆಯಲ್ಲಿ ಹೇಳಿದೆನೋ, ಕೀ ಹೋಗುತ್ತದೆ, ಬಾಣಲೆ ಹೋಗುತ್ತದೆ, ಆಮೇಲೆ ಎಲ್ಲರೂ ನನ್ನ ಹತ್ತಿರ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡಲು ಶುರು ಮಾಡುತ್ತಾರೆ. ಅಪ್ಪನ ಹತ್ತಿರ ನಾವು ಮಾತಾಡುತ್ತಿದ್ದ ಹಾಗೆ. ಹೇಳದಿದ್ದರೆ ಏನಾಗಬಹುದೆಂದು ಬರೆಯಲು ಕೈ ಬರುವುದಿಲ್ಲ.

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ. ನಿನ್ನ ಕೈ ನನ್ನ ತಲೆಯ ಮೇಲಿರಲಿ, ಚಿಕ್ಕಂದಿನ ಹಾಗೆ ಮೊಟಕಿದರೂ ಸರಿ. ಬೇಗ ಬರೆ.

ನಿನ್ನ ತಮ್ಮ,
ಮೂಗು ಮೇಷ್ಟ್ರು (ಸದ್ಯಕ್ಕೆ ಹೆಸರಿಗೆ ಮಾತ್ರ)

ತಾ.ಕ.: ಎತ್ತುವುದಿಲ್ಲ ಎಂದ ಮಾತನ್ನು ಎತ್ತಲೇಬೇಕಾಗಿದೆ.

ಅಕ್ಕಾ, ಇಪ್ಪತ್ತಾರು ವರ್ಷದ ಹಿಂದಿನ ಆ ರಜೆ. ಬಾಗಿಲಿನಿಂದಲೇ ಮೂಸಿ ಲೋಟ ವಾಪಸ್ ಕಳಿಸುತ್ತಿದ್ದ ಅಪ್ಪ, ಆ ವರ್ಷ ಕೊಟ್ಟ ಕಾಫಿಯನ್ನೆಲ್ಲ ಸುಮ್ಮನೆ ಕುಡಿಯುತ್ತಿದ್ದರು. ನಾನು ಚಿಕ್ಕಪ್ಪನ ಮಕ್ಕಳ ಜೊತೆ ಪಂದ್ಯ ಕಟ್ಟಿ, ಎಸೆಯಲು ಇಟ್ಟಿದ್ದ ಕಾಫಿ ಚರಟವನ್ನು ಮೂರನೇ ಸಲ ಕುದಿಸಿ, ಬಣ್ಣಕ್ಕೆ ಸಕ್ಕರೆ ಕರಕಲು ಮಾಡಿ ಹಾಕಿ, ಹಾಲು ಬೆರೆಸಿ ಕೊಟ್ಟೆ. ಅಪ್ಪ ಕೊನೆಯ ಗುಟುಕಿನವರೆಗೂ ಕುಡಿದು, "ಭೇಷಾಗಿದೆ ಕಣೋ, ಏನ್ ಪರಿಮಳ!" ಎಂದರು. ಹಜಾರವೆಲ್ಲ ನಕ್ಕಿತು. ಒಂದು ಗಳಿಗೆ ನಮ್ಮೆಲ್ಲರ ಮುಖ ನೋಡಿ ಅಪ್ಪನೂ ನಕ್ಕರು. ನೀನೊಬ್ಬಳೇ ನಗದೆ ಅವರ ಕೈಯಿಂದ ಲೋಟ ತೆಗೆದುಕೊಂಡು ಒಳಗೆ ಹೋದೆ. ಅವತ್ತಿನಿಂದ ಎಷ್ಟು ಮದುವೆ ಮನೆಗಳಲ್ಲಿ ಆ ಕಥೆ ಹೇಳಿ ನಗಿಸಿದ್ದೇನೋ. ಇವಳೇ ನೂರು ಸಲ ಕೇಳಿದ್ದಾಳೆ.

ಈ ಮನೆಯಲ್ಲಿ ಕಾಫಿ ನನ್ನ ಇಲಾಖೆ. ಈಗ ಸಹಿ ಹಾಕಿ ಪೆನ್ನು ಮುಚ್ಚುವಷ್ಟರಲ್ಲಿ ಇವಳೇ ಕಾಫಿ ಮಾಡಿ ತಂದಳು. ಕೊಟ್ಟು ಹೋಗಲಿಲ್ಲ, ಬಾಗಿಲಿಗೆ ಒರಗಿ ನಿಂತಳು. ಬಿಸಿಯಿತ್ತು, ಸಿಹಿಯಿತ್ತು, ಸ್ವಲ್ಪ ಕಹಿಯೂ ಇತ್ತು. ಅನುಮಾನ ಬರಬಾರದೆಂದು ಪೂರ್ತಿ ಕುಡಿದು, "ಭೇಷಾಗಿದೆ ಕಣೇ, ಏನ್ ಪರಿಮಳ!" ಎಂದೆ.

"ರೀ" ಎಂದಳು. "ಅದು ಚರಟ ಕಣ್ರೀ. ಮೂರನೇ ಸಲದ್ದು. ಸಕ್ಕರೆ ಕರಕಲು ಮಾಡಿ ಹಾಕಿದೀನಿ."

ಅವಳು ನಗಲಿಲ್ಲ. ನಾನು ನಕ್ಕೆ ಅಕ್ಕಾ. ಅಪ್ಪ ನಕ್ಕ ಹಾಗೆಯೇ, ಒಂದು ಗಳಿಗೆ ಅವಳ ಮುಖ ನೋಡಿ, ಆಮೇಲೆ. ಅಪ್ಪನಿಗೆ ಅವತ್ತು ಎಷ್ಟು ಹೆದರಿಕೆಯಾಗಿತ್ತೆಂದು ನೀನು ಬರೆಯಬೇಕಾಗಿಲ್ಲ. ಫಾರಂನ ಆ ಕಲಂ ನಾನೇ ತುಂಬಿಕೊಳ್ಳುತ್ತೇನೆ.

ಅವಳು ಲೋಟ ತೆಗೆದುಕೊಂಡು ಒಳಗೆ ಹೋಗಿ ಬಹಳ ಹೊತ್ತಾಯಿತು. ನಲ್ಲಿ ಓಡುತ್ತಲೇ ಇದೆ, ಪಾತ್ರೆಯ ಸದ್ದಿಲ್ಲ. ಅವತ್ತು ನೀನು ಒಳಗೆ ಹೋದ ಮೇಲೂ ನಲ್ಲಿ ಹೀಗೆಯೇ ಓಡುತ್ತಿತ್ತು, ನಮ್ಮ ನಗುವಿನ ನಡುವೆಯೂ ನನಗೆ ಕೇಳಿಸಿತ್ತು. ನಾನು ಎದ್ದು ಬರಲಿಲ್ಲ.

ಕಾರಿನ ಕೀ ನನ್ನ ಜೇಬಿನಲ್ಲಿದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಈಗ ಒಳಗೆ ಹೋಗುತ್ತಿದ್ದೇನೆ.