ಚಂದ್ರವ್ವ ಹಯಾತ ಇದ್ದಾಳೆ

ಇಂಟರ್‌ನ್ಯಾಷನಲ್ ಸಿಟಿ, ದುಬೈ
೧೪ ಜೂನ್ ೨೦೨೫, ಶನಿವಾರ

ಪ್ರೀತಿಯ ತಮ್ಮ ಮುರುಗೆಪ್ಪನಿಗೆ, ಅಕ್ಕ ಇಲ್ಲಿಂದಲೇ ನಿನ್ನ ತಲೆ ಸವರಿ ಮಾಡುವ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ಗಿರಣಿಯಲ್ಲಿ ಹಿಟ್ಟು ಬೀಸುವಾಗ ಮೂಗಿಗೆ ಟವೆಲ್ ಕಟ್ಟಿಕೋ ಎಂದು ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ನೀನು ಮಾತ್ರ ಅದನ್ನು ಹೆಗಲ ಮೇಲೆ ಹಾಕಿಕೊಂಡು ಸಾಹುಕಾರನ ಹಾಗೆ ಕುಳಿತಿರುತ್ತೀ. ನಿನ್ನ ಹೆಂಡತಿಯ ಮೊಣಕಾಲು ನೋವು ಕಡಿಮೆಯಾಯಿತೇ? ನಿನ್ನ ಮಗ ಪ್ರೀತಮ ಇನ್ನೂ ಗಿರಣಿ ಮುರಿದು ಕಾಂಪ್ಲೆಕ್ಸ್ ಕಟ್ಟುವ ಮಾತನ್ನೇ ಆಡುತ್ತಿದ್ದಾನೆಯೇ? ನಾನು ಆರಾಮ ಇದ್ದೇನೆ. ಬಿಸಿಲಿಗೆ ಹೊರಗೆ ಕಾಲಿಡುವ ಹಾಗಿಲ್ಲ, ಒಳಗೆ ಕುಳಿತರೆ ಏಸಿಯ ಥಂಡಿಗೆ ಮೈ ಕೈ ನೋವು. ಮಗ ಸಿದ್ದೇಶ ಬೆಳಿಗ್ಗೆ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಫ್ಯಾಕ್ಟರಿಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಸೊಸೆ ಅಪೂರ್ವಾ ಬಿಡುವಾದಾಗ ನನ್ನನ್ನು ತರಕಾರಿಗೆ ಕರೆದುಕೊಂಡು ಹೋಗುತ್ತಾಳೆ. ಇಲ್ಲಿಯ ಕಟ್ಟಡಗಳಿಗೆ ದೇಶಗಳ ಹೆಸರಿಟ್ಟಿದ್ದಾರೆ ನೋಡು, ನಾವಿರುವುದು ಮೊರಾಕ್ಕೊದಲ್ಲಿ, ಮೆಂತೆಪಲ್ಲೆ ತರಲು ಚೀನಾಕ್ಕೆ ಹೋಗುತ್ತೇವೆ. ಮೊಮ್ಮಗಳು ಸೃಷ್ಟಿಗೆ ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಇಬ್ಬರಿಗೂ ಏನೂ ತೊಂದರೆಯಾಗಿಲ್ಲ.

ಇಷ್ಟಕ್ಕೆಲ್ಲ ಪತ್ರ ಏಕೆ, ಪ್ರತಿ ರವಿವಾರ ಫೋನಿನಲ್ಲಿ ಮಾತಾಡುತ್ತೇವಲ್ಲ ಎನ್ನುತ್ತೀ. ಫೋನಿನಲ್ಲಿ ನೀನು ನನಗೆ ಬಾಯಿ ಬಿಡಗೊಡುವುದಿಲ್ಲ. ಅದೂ ಅಲ್ಲದೆ ಹೋದ ರವಿವಾರ ನೀನು ಹೇಳಿದ ಮಾತು ಫೋನಿನಲ್ಲಿ ಉತ್ತರಿಸುವಂಥದ್ದಲ್ಲ. ಹ್ಞೂಂ ಎಂದು ಫೋನ್ ಇಟ್ಟೆ. ನೀನು ಅಕ್ಕ ಒಪ್ಪಿದಳೆಂದು ತಿಳಿದಿರಬೇಕು. ಒಪ್ಪಿಲ್ಲ. ಆ ಮಾತು ನನ್ನ ಹೊಟ್ಟೆಯಲ್ಲಿ ಹೇಗೆ ಇಳಿಯಿತೆಂದು ನಿನಗೆ ತಿಳಿಯಲಿ ಎಂದು, ಅದನ್ನೇ ಇಲ್ಲಿ ಮತ್ತೆ ಬರೆಯುತ್ತೇನೆ.

ಗಿರಣಿಯ ಜಾಗದ ಉತಾರದಲ್ಲಿ, ಆ ಹಕ್ಕಿನ ಕಾಗದದಲ್ಲಿ, ಮೂರು ಹೆಸರುಗಳಿವೆ. ಅಪ್ಪ ತೀರಿಕೊಂಡಾಗ ಅವ್ವ ಸಿಟಿ ಸರ್ವೆ ಆಫೀಸಿಗೆ ಅಲೆದಾಡಿ ಬರೆಸಿದ್ದು. ಅವಳದು, ನನ್ನದು, ನಿನ್ನದು. ನಾನು ಆಗ ನಾಲ್ಕನೆಯ ಇಯತ್ತೆ, ನೀನು ಅವಳ ಸೊಂಟದ ಮೇಲೆ. ನಮ್ಮಿಬ್ಬರ ಹೆಸರಿನ ಹಿಂದೆ ‘ಅಜ್ಞಾನ’ ಎಂದು ಬರೆದಿದ್ದಾರೆ, ವಯಸ್ಸಿಗೆ ಬಾರದವರೆಂದು. ನಿನಗೆ ಮೊಮ್ಮಕ್ಕಳಾಗುವ ವಯಸ್ಸು ಬಂದರೂ ಸರಕಾರದ ಲೆಕ್ಕದಲ್ಲಿ ನಾವಿಬ್ಬರೂ ಇನ್ನೂ ಅಜ್ಞಾನರೇ. ಒಂದು ಲೆಕ್ಕಕ್ಕೆ ಸರಿಯಾಗಿಯೇ ಬರೆದಿದ್ದಾರೆ ಬಿಡು. ಹೋದ ವರ್ಷ ಅವ್ವ ಹೋದಳು. ಈಗ ಬ್ಯಾಂಕಿನವರು ಸಾಲ ಕೊಡಬೇಕಾದರೆ ಉತಾರದಲ್ಲಿ ನಿನ್ನ ಹೆಸರು ಒಂದೇ ಇರಬೇಕು ಎನ್ನುತ್ತಾರೆ. ಅವ್ವನ ಹೆಸರಿನ ಮುಂದೆ ‘ಮಯತ’, ತೀರಿಕೊಂಡವಳು ಎಂದು ಬರೆಸಬೇಕು. ಬರೆಸು, ಅದು ಖರೆ ಮಾತು. ಆದರೆ ಆ ಏಜೆಂಟ, ಅವನ ಹೆಸರು ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ, ನಿನ್ನ ಕಿವಿಯಲ್ಲಿ ಇನ್ನೊಂದು ಊದಿದ್ದಾನೆ. ನೀನು ಅದನ್ನು ಮೆಣಸಿನಕಾಯಿಯ ಧಾರಣೆ ಹೇಳಿದಷ್ಟು ಸಲೀಸಾಗಿ ನನಗೆ ಹೇಳಿದೆ. “ಚಂದ್ರವ್ವ ಅನ್ನೂ ಹೆಸರಿನ ಮ್ಯಾಲ ಒಂದು ಆಧಾರ ಇಲ್ಲ, ಒಂದು ರೇಶನ್ ಕಾರ್ಡ ಇಲ್ಲಕ್ಕಾ. ಸಣ್ಣಾಕಿ ಇದ್ದಾಗನ, ಲಗ್ನ ಆಗಲಾರದ ಮಯತ ಆಗ್ಯಾಳ ಅಂತ ಬರಸಿಬಿಟ್ರ ಕೆಲಸ ಹಗರ ಆಗತೈತಂತ. ಸುಮ್ನ ಕಾಗದದಾಗ ಅಷ್ಟ.”

ಮುರುಗೆಪ್ಪಾ, ಪ್ರತಿ ರವಿವಾರ ಫೋನ್ ಹಚ್ಚಿ ನೀನು ಮೊದಲು ಅನ್ನುವುದೇ ಚಂದ್ರಕ್ಕಾ ಎಂದು. ಅವ್ವ ಹೋದ ಮೇಲೆ ಆ ಹೆಸರು ಹಿಡಿದು ನನ್ನನ್ನು ಕರೆಯುವವನು ಈ ಭೂಮಿಯ ಮೇಲೆ ನೀನೊಬ್ಬನೇ. ಅಂಥವನು ಅವಳನ್ನು ಕಾಗದದಲ್ಲಿ ಸಾಯಿಸಲು ಹೊರಟೆಯಲ್ಲ, ನಾನು ಯಾರ ಮುಂದೆ ಹೇಳಿಕೊಳ್ಳಲಿ? ಚಂದ್ರವ್ವ ಲಗ್ನವಾಗದೆ ಸತ್ತಳೆಂದರೆ ಸಿದ್ದೇಶ ಯಾರ ಹೊಟ್ಟೆಯಲ್ಲಿ ಹುಟ್ಟಿದ? ಸೃಷ್ಟಿ ಯಾರ ಮೊಮ್ಮಗಳು? ಸಿಟ್ಟು ಬಂದಿದೆ, ಹೌದು. ಮೂರು ದಿನ ಊಟ ರುಚಿಸಲಿಲ್ಲ. ನಿನ್ನ ಮೇಲಿನ ಸಿಟ್ಟನ್ನು ಜೋಳದ ರೊಟ್ಟಿಯ ಮೇಲೆ ತೀರಿಸಿಕೊಂಡೆ. ನಾನು ಬಡಿಯುವ ಸಪ್ಪಳಕ್ಕೆ ಕೆಳಗಿನ ಮನೆಯ ಫಿಲಿಪಿನೊ ಹೆಣ್ಣುಮಗಳು ಬಂದು ಬಾಗಿಲು ತಟ್ಟಿದಳು.

ಹೆಸರು ಹೇಗೆ ಎರಡಾಯಿತೆಂದು ಆ ಏಜೆಂಟನಿಗೆ ನೀನು ಹೇಳಿರಲಿಕ್ಕಿಲ್ಲ. ನಮ್ಮ ಅತ್ತೆಯ ಹೆಸರೂ ಚಂದ್ರವ್ವ ತಾನೇ. ನಮ್ಮ ಮನೆಯವರು ಹಡೆದವ್ವನ ಹೆಸರು ಹಿಡಿದು ಹೆಂಡತಿಗೆ ನೀರು ತಾ ಎನ್ನುವುದು ಹೇಗೆ? ಹಾಗಾಗಿ ಲಗ್ನದ ದಿನವೇ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ರುದ್ರವ್ವ ಎಂದು ಬರೆಸಿದರು. ನಮ್ಮ ಕಡೆ ಎಷ್ಟು ಹೆಣ್ಣುಮಕ್ಕಳಿಗೆ ಹೀಗಾಗಿಲ್ಲ, ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ, ನಾನೂ ಮಾಡಲಿಲ್ಲ. ರೇಶನ್ ಕಾರ್ಡು, ಆಧಾರ, ಪಾಸ್‌ಪೋರ್ಟು ಎಲ್ಲವೂ ರುದ್ರವ್ವನವು. ನಮ್ಮ ಮನೆಯವರ ಮಾಸ್ತರಿಕೆಯ ಪೆನ್ಶನ್ ನನಗೆ ಬರುವುದೂ ರುದ್ರವ್ವ ಹಯಾತ ಇದ್ದಾಳೆ, ಇನ್ನೂ ಬದುಕಿದ್ದಾಳೆ ಎಂದು ಪ್ರತಿ ನವೆಂಬರಿನಲ್ಲಿ ದೂತಾವಾಸದವರು ಬರೆದುಕೊಟ್ಟ ಮೇಲೆಯೇ. ರುದ್ರವ್ವನಿಗೆ ವರ್ಷ ವರ್ಷ ಹಯಾತದ ಕಾಗದ ಮಾಡಿಸಿದ ನಾನು ಚಂದ್ರವ್ವನಿಗೆ ಒಮ್ಮೆಯಾದರೂ ಮಾಡಿಸಬೇಡವೇ?

ಮೊನ್ನೆ ಗುರುವಾರ ಅಪೂರ್ವಾಳ ಜೊತೆ ಬರ್ ದುಬೈಗೆ ಹೋದೆ. ಮೊದಲು ಕಾಗದ ಬರೆಸಲು ಟೈಪಿಂಗ್ ಸೆಂಟರಿಗೆ. ಅಲ್ಲಿ ಮಸೂದ್ ಎಂಬ ಪಾಕಿಸ್ತಾನದ ಹುಡುಗ, ನಮ್ಮ ಪ್ರೀತಮನ ವಾರಿಗೆಯವನು. ಅಪೂರ್ವಾ ಇಂಗ್ಲಿಷಿನಲ್ಲಿ ವಿವರಿಸಿದಳು. ಇವರು ಇಬ್ಬರು ಬೇರೆ ಬೇರೆ ಹೆಂಗಸರು, ಒಬ್ಬಳು ಬಂದಿಲ್ಲ ಎಂದು ಅವನಿಗೆ ಅನಿಸಿತು. ಬಂದಿಲ್ಲದವಳು ತಾನೇ ಬರಬೇಕು, ಇಲ್ಲವಾದರೆ ಆಗುವುದಿಲ್ಲ, ಮಾಫಿ, ಅಂದರೆ ಇಲ್ಲ, ಎಂದು ಕೈ ಆಡಿಸಿದ. ನಾನು ಅಪೂರ್ವಾಳನ್ನು ಬದಿಗೆ ಸರಿಸಿ ನಮ್ಮ ಸಂತೆಯ ಹಿಂದಿಯಲ್ಲಿ ಹೇಳಿದೆ, ಊರಲ್ಲಿ ನನ್ನ ತಮ್ಮ ಚಂದ್ರವ್ವನನ್ನು ಮಯತ ಎಂದು ಬರೆಸುತ್ತಿದ್ದಾನೆ, ಅವಳು ಹಯಾತ ಇದ್ದಾಳೆಂದು ನೀನು ಬರೆದುಕೊಡು ಎಂದು. ಹುಡುಗನ ಕೈ ಕೀಲಿಮಣೆಯ ಮೇಲೆ ನಿಂತಿತು. ಮಯತ, ಹಯಾತ ಎರಡೂ ಅವನಿಗೆ ಚೆನ್ನಾಗಿ ತಿಳಿದವು. ನಮ್ಮ ಸರ್ವೆ ಆಫೀಸಿನ ಮಾತು ಇಲ್ಲಿಯವರ ಮನೆಮಾತು ನೋಡು, ಅರಬ್ಬಿಯಂತೆ ಅವು. ಅವಳು ಎಲ್ಲಿದ್ದಾಳೆ ಎಂದು ಮೆಲ್ಲಗೆ ಕೇಳಿದ. “ಮೈಚ್ ಹೂಂ, ಬೇಟಾ”, ಅವಳು ನಾನೇ ಎಂದೆ. ಅವನು ಎದ್ದು ತನ್ನ ಕುರ್ಚಿಯನ್ನೇ ನನಗೆ ಕೊಟ್ಟು, ನಿಂತುಕೊಂಡೇ ಟೈಪು ಮಾಡಿದ.

ಆಮೇಲೆ ಆ ಕಾಗದಕ್ಕೆ ದೂತಾವಾಸದ ಅಧಿಕಾರಿಯ ಮುಂದೆ ಸಹಿ ಮಾಡಬೇಕು. ರುದ್ರವ್ವ ಮತ್ತು ಚಂದ್ರವ್ವ ಇಬ್ಬರೂ ಒಬ್ಬಳೇ ಎಂದು ಪ್ರಮಾಣ ಮಾಡಿ ಎರಡೂ ಹೆಸರಿನಲ್ಲಿ ಸಹಿ ಹಾಕಿ ಎಂದರು. ರುದ್ರವ್ವನ ಸಹಿ ಒಂದೇ ಗೆರೆಯಲ್ಲಿ ಬಂತು. ಎರಡನೆಯದಕ್ಕೆ ಪೆನ್ನು ಇಟ್ಟೆ, ಕೈ ಮುಂದೆ ಹೋಗಲಿಲ್ಲ. ಚಂದ್ರವ್ವ ಎಂದು ನಾನು ಜನ್ಮದಲ್ಲಿ ಸಹಿಯೇ ಮಾಡಿಲ್ಲವಲ್ಲ, ತಮ್ಮಾ! ಸಹಿ ಮಾಡುವ ವಯಸ್ಸು ಬರುವಷ್ಟರಲ್ಲಿ ಆ ಹೆಸರು ತವರಿನಲ್ಲಿ ಉಳಿದಿತ್ತು. ಶಾಲೆಯ ಪಾಟಿಯ ಮೇಲೆ ಬರೆದ ಹಾಗೆ ಒಂದೊಂದೇ ಅಕ್ಷರ ಬರೆದೆ. ‘ದ್ರ’ದ ಒತ್ತು ಬರೆಯುವಾಗ ಗಿರಣಿಯ ಪಟ್ಟಾ ತಿರುಗುವ ಸದ್ದಿನ ಮೇಲೆ ಅವ್ವ ಚಂದ್ರೀ ಎಂದು ಒದರುತ್ತಿದ್ದದ್ದು ಕಿವಿಯಲ್ಲಿ ಬಂತು. ಅತ್ತುಬಿಟ್ಟೆ. ಅಧಿಕಾರಿ ಪಾಪ, ನೀರು ತರಿಸಿದರು. ಅಪೂರ್ವಾ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಒಂದೇ ಮಾತು ಕೇಳಿದಳು, “ಅತ್ತಿ, ನಿಮ್ಮನ್ನ ನಾ ಯಾವ ಹೆಸರಲೇ ನೆನಸ್ಲಿ?” ಎಂದು. ಅಷ್ಟರಲ್ಲಿ ಸ್ಟಾಪು ಬಂತು, ಇಳಿದೆವು.

ಮನೆಯಲ್ಲಿ ಎರಡು ಮಾತು ನಡೆದಿದೆ. ಸಿದ್ದೇಶನಿಗೆ ಮಾಮಾನ ಜೊತೆ ತಕರಾರು ಬೇಡ, ಏನು ಕೇಳುತ್ತಾರೋ ಕೊಟ್ಟು ಖಲಾಸ್ ಮಾಡು ಎಂಬ ಅವಸರ. ಅಪೂರ್ವಾಳಿಗೆ ಹಕ್ಕು ಬಿಡಲೇಬಾರದು ಎಂಬ ಹಟ. ನನಗೆ ಆ ಜಾಗದಲ್ಲಿ ಒಂದು ಗೇಣೂ ಬೇಕಾಗಿಲ್ಲ. ಅದನ್ನು ಬೆಳೆಸಿದವನು ನೀನು, ಅವ್ವನನ್ನು ಕೊನೆಯತನಕ ನೋಡಿಕೊಂಡವನೂ ನೀನು. ಆದರೆ ಪಾಲು ಕೇಳಿದ ಅಕ್ಕ ಎಂಬ ಹೆಸರು ಬಂದರೆ ತವರಿನ ಬಾಗಿಲು ಮುಚ್ಚುತ್ತದೆ ಎಂದು ಹೆದರಿ ನಾನು ಈ ಸಲ ಸುಮ್ಮನಿರಲಾರೆ. ಸುಮ್ಮನಿದ್ದರೆ ಆ ಬಾಗಿಲಿನಲ್ಲಿ ಹೊಗುವ ಮಗಳೇ ಇಲ್ಲವಾಗುತ್ತಾಳೆ. ನೀನು ಕೆಟ್ಟವನೆಂದು ನಾನು ತಿಳಿದಿಲ್ಲ. ನಿನಗೆ ಕಾಗದ ಎಂದರೆ ಬೇಸರ, ಯಾರೋ ಸಲೀಸು ದಾರಿ ತೋರಿಸಿದರು, ನೀನು ಹೊರಟೆ. ಈ ಪತ್ರದ ಜೊತೆಗೆ ಪ್ರಮಾಣಪತ್ರ ಇಟ್ಟಿದ್ದೇನೆ. ಅದನ್ನು ನೀನೇ ಕೈಯಾರೆ ಸರ್ವೆ ಆಫೀಸಿಗೆ ಕೊಡು, ಏಜೆಂಟನ ಕೈಗೆ ಕೊಡಬೇಡ. ಸಾಕ್ಷಿ ಕೇಳಿದರೆ ನಮ್ಮ ಕನ್ನಡ ಶಾಲೆಯಲ್ಲಿ ನನ್ನ ದಾಖಲಾತಿ ಇದ್ದೇ ಇರುತ್ತದೆ, ಹೆಡ್‌ಮಾಸ್ತರರಿಗೆ ಕೇಳಿಕೋ. ಅವ್ವನ ಹೆಸರಿನ ಮುಂದೆ ಮಾತ್ರ ಮಯತ ಎಂದು ಬರೆಯಲಿ.

ಮಕ್ಕಳಿಗೆಲ್ಲ ನನ್ನ ಆಶೀರ್ವಾದ ಹೇಳು. ನಿನ್ನ ಹೆಂಡತಿಗೆ ಮೊಣಕಾಲಿಗೆ ಹಚ್ಚುವ ಎಣ್ಣೆ ಕಳಿಸುತ್ತೇನೆ, ಬಿಸಿ ಮಾಡಿ ಹಚ್ಚಿಕೊಳ್ಳಲಿ. ದೇವರು ನಿನ್ನನ್ನು ನೂರು ಕಾಲ ಗಟ್ಟಿಯಾಗಿ ಇಟ್ಟಿರಲಿ.

ನಿನ್ನ ಅಕ್ಕ,
ಚಂದ್ರವ್ವ

ತಾ.ಕ.: ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನೀನು ಕೇಳದೆ ಇದ್ದರೂ ಸಿದ್ದೇಶ ಹಕ್ಕು ಬಿಟ್ಟುಕೊಡುವ ಪತ್ರವನ್ನೂ ಟೈಪು ಮಾಡಿಸಿ ತಂದಿದ್ದ. ಅದಕ್ಕೆ ನಾನು ಸಹಿ ಹಾಕಿಲ್ಲ, ಲಕೋಟೆಯಲ್ಲಿ ಹುಡುಕಬೇಡ. ಲಗ್ನವಾದ ಮೊದಲ ವರ್ಷ ಬಿಟ್ಟರೆ ನೀನು ಯಾವತ್ತೂ ನನ್ನನ್ನು ನಾಗರ ಪಂಚಮಿಗೆ ಕರೆಯಲು ಬಂದಿಲ್ಲ. ಈ ಸಲ ಬಾ. ದುಬೈತನಕ ಬೇಡ, ಬೆಳಗಾವಿಯ ವಿಮಾನ ನಿಲ್ದಾಣದತನಕ ಬಂದರೆ ಸಾಕು, ಪ್ರೀತಮನನ್ನು ಕಳಿಸಬೇಡ, ನೀನೇ ಬಾ. ಹಬ್ಬದ ಮರುದಿನ ಇಬ್ಬರೂ ರಿಜಿಸ್ಟ್ರಾರ್ ಆಫೀಸಿಗೆ ಹೋಗೋಣ. ನಿನಗೆ ಏನು ಬೇಕೋ ಅಲ್ಲಿ ನನ್ನನ್ನು ಕೇಳು, ನಿನ್ನ ಅಕ್ಕ ಕೊಡುತ್ತಾಳೆ.