ನೋವು ನಿಂತ ಹಲ್ಲು

ನವಲಗುಂದ
ಬುಧವಾರ, 12 ನವೆಂಬರ್ 1986

ತಂಗಿ ಅನ್ನವ್ವನಿಗೆ ಅಕ್ಕ ಕಸ್ತೂರೆವ್ವನ ಶರಣು ಮತ್ತು ಆಶೀರ್ವಾದ.

ಇತ್ತ ನಾವು ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ ಎನ್ನುವುದು ರೂಢಿ. ನಿನ್ನ ಕ್ಷೇಮ ಎಷ್ಟರಮಟ್ಟಿಗಿದೆ ಎಂದು ನನಗೆ ಗೊತ್ತಾಗಿದೆ, ಹಾಗಾಗಿ ಕೇಳುವುದಿಲ್ಲ. ದೀಪಾವಳಿಗೆ ಮುಂಚೆ ಬಂದ ನಿನ್ನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡ. ಉಳ್ಳಾಗಡ್ಡಿ ಲಾರಿಗೆ ಹೇರುವ ಕಾಲ. ಹಮಾಲರಿಗೂ ಡ್ರೈವರುಗಳಿಗೂ ಒಂದೇ ಹೊತ್ತಿಗೆ ಹಸಿವಾಗುತ್ತದೆ. ನನ್ನ ಖಾನಾವಳಿಯಲ್ಲಿ ಬಡಿದ ರೊಟ್ಟಿಗೆ ತಣ್ಣಗಾಗಲು ಪುರಸೊತ್ತಿಲ್ಲ. ಅದೂ ಅಲ್ಲದೆ, "ಹಲ್ಲು ಅಗದಿ ಆರಾಮ ಆತು, ಯಮನೂರ ದರ್ಗಾಕ್ಕ ಹೋಗಿ ಹರಕಿ ಸಕ್ಕರಿ ಓದಿಸಿ ಬಂದಿವಿ, ಇನ್ನ ಡಾಕ್ಟರ್ ಕಡೆ ಹೋಗೂದಿಲ್ಲ" ಎಂದು ನೀನೇ ಬರೆದಿದ್ದೆ. ಆರಾಮ ಇದ್ದವರಿಗೆ ನಿಧಾನವಾಗಿ ಬರೆದರಾಯಿತು ಎಂದುಕೊಂಡೆ.

ಮೊನ್ನೆ ಇಮಾಮುದ್ದೀನ ಬಂದ. ನಿಮ್ಮ ಕುಬಿಹಾಳದ ಕಡೆ ಬಳೆ ಮಾರುತ್ತಾನಲ್ಲ, ಅವನು. ತಾಟಿನ ಮುಂದೆ ಕೂತವನು ರೊಟ್ಟಿ ಮುರಿಯದೆ ಹೇಳಿದ: "ಅಕ್ಕಾರ, ನಿಮ್ಮ ತಂಗೀದು ಎಡಗಲ್ಲ ಕಡಬಿನಂಗ ಉಬ್ಬೇತ್ರಿ. ಬಾಯಿ ಪೂರಾ ತೆರ್ಯಾಕ ಬರವಲ್ದು. ಸೆರಗು ಮುಚ್ಚಿಕೊಂಡು, 'ಅಕ್ಕಗ ಹೇಳಬ್ಯಾಡ' ಅಂದ್ರು. ಅದಕ್ಕs ಹೇಳಾಕ ಬಂದೀನಿ."

"ಗಾಜಿನ ವ್ಯಾಪಾರದಾಂವ ನೀ. ನಿನ್ನ ಕಡೆ ಗುಟ್ಟು ಇಟ್ರ ಒಡೀದೆ ಇರತೈತೇನಲೇ?" ಎಂದೆ ನಾನು. ನಗುವುದಕ್ಕೆ ಹೋದೆ, ಆಗಲಿಲ್ಲ.

ನಿನ್ನೆ ಒಲೆಯನ್ನು ನನ್ನ ಜೊತೆ ರೊಟ್ಟಿ ಬಡಿಯುವ ನೀಲಕ್ಕನ ಕೈಗೆ ಒಪ್ಪಿಸಿ ಮೊದಲ ಬಸ್ಸಿಗೇ ಹುಬ್ಬಳ್ಳಿಗೆ ಹೋದೆ. ಹೋದ ಸಲ ನಾನೇ ನಿನ್ನನ್ನು ಕರೆದೊಯ್ದಿದ್ದೆನಲ್ಲ, ಆ ಹಲ್ಲಿನ ಡಾಕ್ಟರು ಶಹನಾಜ ಅವರ ಕಡೆಗೇ. ನನ್ನನ್ನು ನೋಡಿ ಹಿಂದೆ ಬಾಗಿಲ ಕಡೆ ನೋಡಿದರು.

"ಹಲ್ಲು ಎಲ್ಲೈತ್ರಿ ಕಸ್ತೂರೆವ್ವಾರ? ಬರೇ ಬಾಯಿ ಬಂದೈತಲ್ಲ!"

ಅವರೂ ನಮ್ಮ ಕಡೆಯವರೇ, ಮಾತಿಗೆ ಮಾತು ಬಿಡುವವರಲ್ಲ. ಆದರೆ ನಿನ್ನ ಗಲ್ಲದ ವಿಷಯ ಹೇಳುತ್ತಿದ್ದಂತೆ ಅವರ ಮುಖದ ನಗೆ ಹೋಯಿತು. "ನಾ ಆವತ್ತs ಹೇಳಿದ್ನೆಲ್ರಿ, ಇದು ಒಂದ ಸಲಕ್ಕ ಮುಗಿಯೂ ಕೆಲಸಲ್ಲ ಅಂತ? ಬ್ಯಾನಿ ನಿಂತದ್ದು ಗುಣ ಆಗಿ ಅಲ್ರಿ. ಬ್ಯಾನಿ ಹೇಳೂ ನರಾನs ಕೊಳ್ತಿತ್ತು, ಅದನ್ನ ನಾ ತೆಗೆದು ಹಾಕೀನಿ. ಇನ್ನ ಆ ಹಲ್ಲು ಒಳಗ ಏನಾದ್ರೂ ಚೀರೂದಿಲ್ಲ. ಚೀರೂದಿಲ್ಲ ಅಂತ ಆರಾಮ ಐತೇನು?"

ಅವರು ಚಿತ್ರ ಬರೆದು ತೋರಿಸಿದರು. ನಿನಗೆ ನಾನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಅಪ್ಪನ ಹಗೇವು ನೆನಪು ಮಾಡಿಕೋ. ನೆಲದೊಳಗಿನ ಆ ಕುಣಿಯಲ್ಲಿ ಜೋಳ ತುಂಬಿ, ಬಾಯಿಗೆ ಹೊಟ್ಟು ಒತ್ತಿ, ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಿದ್ದರು. ಬರೀ ಹೊಟ್ಟು ಒತ್ತಿ ಬಿಟ್ಟರೆ ಏನಾಗುತ್ತದೆ? ಅಂಗಳ ನೋಡಿದವರಿಗೆ ಎಲ್ಲ ಸರಿಯಾಗಿ ಕಾಣುತ್ತದೆ. ಕೆಳಗೆ ನೀರಿಳಿದು ಕಾಳು ಮುಗ್ಗುತ್ತದೆ. ನಿನ್ನ ದವಡೆ ಹಲ್ಲಿಗೂ ಹಾಗೇ ಆಗಿದೆ. ಬೇರಿನೊಳಗೆ ಕೂದಲಿನಂಥ ದಾರಿಗಳಿವೆಯಂತೆ. ಮೊದಲ ಸಲ ಅವನ್ನು ತೊಳೆದು, ಔಷಧಿ ಇಟ್ಟು, ಮೇಲೆ ಬಿಳಿ ಸಿಮೆಂಟಿನಂಥದ್ದನ್ನು ಸದ್ಯಕ್ಕೆಂದು ಮೆತ್ತಿದ್ದರು. ಅದು ಹೊಟ್ಟು, ಮಣ್ಣಲ್ಲ. ಎರಡನೆಯ ಸಲ ಹೋದಾಗ ಮತ್ತೆ ತೊಳೆದು, ಒಳಗಿನ ದಾರಿಗಳನ್ನು ಬುಡದವರೆಗೆ ತುಂಬಿ ಮುಚ್ಚಬೇಕಿತ್ತು. ಆಮೇಲೆ ಹಲ್ಲಿಗೆ ಟೋಪಿ. ನರ ತೆಗೆದ ಹಲ್ಲು ಒಣ ಕಟ್ಟಿಗೆಯಂತೆ, ರೊಟ್ಟಿ ಕಡಿಯುವಾಗ ಸೀಳಬಹುದು. ನೀನು ಹೊಟ್ಟು ಒತ್ತಿದ್ದಕ್ಕೇ ಸಕ್ಕರೆ ಹಂಚಿಬಿಟ್ಟೆ.

"ಈಗ ಬಂದ್ರ ಹಲ್ಲು ಉಳೀತೈತೇನ್ರಿ?" ಎಂದು ಕೇಳಿದೆ. ಅವರು ಸುಳ್ಳು ಸಮಾಧಾನ ಹೇಳಲಿಲ್ಲ. ಎಕ್ಸರೇ ತೆಗೆದು ನೋಡಬೇಕು, ಉಳಿಯಬಹುದು, ಬುಡ ತೀರಾ ಕೆಟ್ಟಿದ್ದರೆ ಕೀಳಬೇಕಾಗಬಹುದು ಎಂದರು. "ಆದ್ರ ಹಲ್ಲಿನ ಮಾತು ಆಮ್ಯಾಲೆ. ಮೊದಲ ಕೀವು ಹೊರಗ ಬರಬೇಕು. ಬಾಯಿ ತೆರ್ಯಾಕ ಬರವಲ್ದು ಅಂದ್ರಿ, ಅದು ನನಗ ಛಲೋ ಅನ್ಸವಲ್ದು. ನಾಳೆ, ನಾಡಿದ್ದು ಅನಬ್ಯಾಡ್ರಿ."

ಅನ್ನವ್ವ, ಇಲ್ಲಿಂದ ಮುಂದಿನದನ್ನು ನಿನ್ನ ಅತ್ತೆ ರೇವವ್ವನವರಿಗೂ ಯಜಮಾನರು ಕುಬೇರಪ್ಪನವರಿಗೂ ಗಟ್ಟಿಯಾಗಿ ಓದಿ ಹೇಳು. ಬಾಯಿ ತೆರೆಯದಿದ್ದರೆ ಅವರ ಕೈಗೇ ಕೊಡು.

ಅತ್ತೆಯವರು ಗೋಧಿ ಹಿಟ್ಟು ಬಿಸಿ ಮಾಡಿ ಗಲ್ಲಕ್ಕೆ ಕಟ್ಟುತ್ತಿದ್ದಾರಂತೆ. ಅಕ್ಕರೆಯಿಂದಲೇ ಕಟ್ಟುತ್ತಿದ್ದಾರೆ, ಗೊತ್ತು. ಆದರೆ ಹೊರಗಿನಿಂದ ಕಾವು ಕೊಡಕೂಡದು. ಬಾವು ಇನ್ನೂ ಏರೀತು, ಕೀವು ಗಲ್ಲ ಒಡೆದುಕೊಂಡು ಬಂದೀತು ಎಂದರು ಡಾಕ್ಟರು. ಬೆಚ್ಚಗಿನ ಉಪ್ಪುನೀರು ಬಾಯಲ್ಲಿ ಹಿಡಿದು ಉಗುಳು, ಅಷ್ಟೇ. ಮಿಶ್ರಿ ತಿಕ್ಕಬೇಡ. ಆ ಸುಟ್ಟ ತಂಬಾಕಿನ ಪುಡಿ ವಸಡನ್ನು ಮರಗಟ್ಟಿಸುತ್ತದೆ, ನೀನು ಅದನ್ನೇ ಔಷಧಿ ಎಂದುಕೊಂಡಿದ್ದೀ. ತಲೆನೋವಿನ ಗುಳಿಗೆಯನ್ನು ಹಲ್ಲಿನ ಬುಡಕ್ಕೆ ಇಟ್ಟುಕೊಳ್ಳಲೂಬೇಡ, ಚರ್ಮ ಸುಡುತ್ತದೆ. ಚಿಕ್ಕವಳಿದ್ದಾಗ ಸೂಜಿ ಮಾಡಿಸಿದ ಮೇಲೆ ನಿನಗೆ ಮೈತುಂಬ ದದ್ದು ಎದ್ದಿದ್ದವು. ಹೋದ ಸಲ ಅದನ್ನು ಹೇಳಲು ಇಬ್ಬರಿಗೂ ನೆನಪಾಗಿರಲಿಲ್ಲ. ನಿನ್ನೆ ನಾನು ಹೇಳಿದ್ದಕ್ಕೆ ಡಾಕ್ಟರು, "ಅದಕ್ಕs ನೋಡದ ಗುಳಿಗಿ ಬರದು ಕೊಡೂದಿಲ್ಲ, ಆಕೀನ್ನs ಕರಕೊಂಡು ಬರ್ರಿ" ಎಂದರು. ಸೂಜಿ ಚುಚ್ಚಿದಾಗ ನೋಯುತ್ತದೆ. ಬಾವು ಇದ್ದಾಗ ಮರಗಟ್ಟುವ ಔಷಧಿ ಸರಿಯಾಗಿ ಹಿಡಿಯದೆಯೂ ಇರಬಹುದು. ಹಾಗಾದರೆ ಕೈ ಎತ್ತಿ ತೋರಿಸು, ಅವರು ನಿಲ್ಲಿಸುತ್ತಾರೆ.

ಇನ್ನೊಂದು. ಜ್ವರ ಬಂದು ನಡುಕ ಹುಟ್ಟಿದರೆ, ಗುಟುಕು ನೀರು ಇಳಿಯದಿದ್ದರೆ, ಬಾವು ಗಂಟಲ ಕಡೆ ಇಳಿದರೆ, ಉಸಿರು ಬಿಗಿದರೆ ನನ್ನ ದಾರಿ ಕಾಯಬೇಡಿ, ಈ ಡಾಕ್ಟರ ದಾರಿಯನ್ನೂ ಕಾಯಬೇಡಿ. ಸಿಕ್ಕ ಗಾಡಿ ಹತ್ತಿ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೋಗಿ. ಹಲ್ಲಿನಿಂದ ಜೀವ ಹೋಗುತ್ತದೇನು ಎಂದು ನಾನೂ ಕೇಳಿದ್ದೆ. ಹೌದು ಎಂಬಂತೆ ಅವರು ತಲೆ ಆಡಿಸಿದರು.

ಈಗ ಹರಕೆಯ ಮಾತು. ಅತ್ತೆಯವರ ಮನಸ್ಸು ನನಗೆ ಅರ್ಥವಾಗುತ್ತದೆ. ಹರಕೆ ಕಟ್ಟಿದರು, ನೋವು ನಿಂತಿತು, ಸಕ್ಕರೆ ಓದಿಸಿದರು. ಮತ್ತೆ ಡಾಕ್ಟರ ಬಾಗಿಲಿಗೆ ಹೋದರೆ ದೇವರ ಮೇಲೆ ಸಂಶಯಪಟ್ಟಂತೆ ಎಂಬ ಅಂಜಿಕೆ. ಈ ಅಂಜಿಕೆಗೆ ನಾನು ಉತ್ತರ ಹೇಳಿದರೆ ಖಾನಾವಳಿಯವಳ ಶಾಸ್ತ್ರ ಎಂದಾರು. ಅದಕ್ಕೆ ಬರುವ ದಾರಿಯಲ್ಲಿ ಯಮನೂರಿಗೇ ಹೋದೆ. ದರ್ಗಾದ ಹತ್ತಿರ ಸಕ್ಕರೆ, ಊದಿನಕಡ್ಡಿ ಮಾರುವ ದಾವೂದಸಾಬ ಕಾಕಾ ನನಗೆ ಹಳೆಯ ಪರಿಚಯ. ನೀವು ಸಕ್ಕರೆ ಕೊಂಡದ್ದೂ ಅವರ ಹತ್ತಿರವೇ. ಎಲ್ಲ ಹೇಳಿದೆ. ಅವರು ಗಡ್ಡ ಕೆರೆದುಕೊಂಡು ನಕ್ಕರು.

"ಏನ್ ಬೇ ಕಸ್ತೂರೆವ್ವಾ, ಡಾಕ್ಟರ್ ಕಡೆ ಹೋಗೂ ಬುದ್ಧಿ ಕೊಟ್ಟಾಂವ ಯಾರು? ಅಂವನs. ನನ್ನ ಮಗಳು ಶಮೀಮಾಬಿ ಹಡಿಯಾಕ ದವಾಖಾನಿಗೆ ಹೋದ್ಲು, ನಾ ಇಲ್ಲಿ ದುವಾ ಕೇಳ್ಕೋತ ಕುಂತೆ. ಎರಡೂ ಆದ್ವು. ದೇವ್ರಿಗೆ ಸಿಟ್ಟು ಬಂದ್ರ ನನ್ನ ಮ್ಯಾಲೆ ಬರ್ಲಿ ಅಂತ ಆ ಮುದುಕೀಗಿ ಹೇಳು."

ಹಾಗೆಂದು ಒಂದು ಪೊಟ್ಟಣ ಸಕ್ಕರೆ ಕಟ್ಟಿಕೊಟ್ಟರು. ಹಲ್ಲಿನ ಕೆಲಸ ಪೂರ್ತಿ ಮುಗಿದ ಮೇಲೆ ಇದನ್ನು ಓದಿಸಲಿ ಎಂದರು. ಪತ್ರದ ಜೊತೆ ಕಳಿಸಿದ್ದೇನೆ. ಅತ್ತೆಯವರ ಕೈಯಲ್ಲೇ ಇಡು.

ಮಗನ ಮದುವೆ ಗೊತ್ತಾಗಿದೆ, ಶಾವಿಗೆ ಹೊಸೆಯಬೇಕು, ಹಪ್ಪಳ ಮಾಡಬೇಕು, ಮನೆ ಬಿಟ್ಟು ಬರುವುದು ಹೇಗೆ ಎನ್ನುತ್ತೀ. ಹಪ್ಪಳಕ್ಕೆ ಊರ ತುಂಬ ಕೈಗಳಿವೆ. ಮಗ ಅಕ್ಷತೆಗೆ ನಿಂತಾಗ ಅವನ ಹಿಂದೆ ನಿಲ್ಲಲು ತಾಯಿ ನೀನೊಬ್ಬಳೇ.

ಇಮಾಮುದ್ದೀನ ನಾಳೆ ನಸುಕಿನ ಬಸ್ಸಿಗೆ ಹೊರಡುತ್ತಾನೆ. ಪತ್ರ ಕೈಗೆ ಬಿದ್ದ ಕೂಡಲೇ ಯಜಮಾನರ ಜೊತೆ ಹೊರಡು. ಅವರು ಹೊಲಕ್ಕೆ ಹೋಗಿದ್ದರೆ ಇಮಾಮುದ್ದೀನನ ಜೊತೆಗೇ ಬಾ. ಡಾಕ್ಟರು ಸಂಜೆಯವರೆಗೆ ಇರುತ್ತಾರೆ. ನಾನು ಮಧ್ಯಾಹ್ನದಿಂದ ಅಲ್ಲೇ ಕೂತಿರುತ್ತೇನೆ. ನಾನೇ ಕುಬಿಹಾಳಕ್ಕೆ ಬರಬಹುದಿತ್ತು. ಆದರೆ ನಾನು ಹೊಸ್ತಿಲು ದಾಟಿದರೆ ನಿನ್ನ ಹಲ್ಲಿನ ಮಾತು ಬದಿಗೆ ಹೋಗಿ ನನ್ನ ಒಲೆಯ ಮಾತು ಏಳುತ್ತದೆ. ಜಗಳ ಮುಗಿಯುವುದರೊಳಗೆ ಬಸ್ಸು ಹೋಗಿರುತ್ತದೆ.

ಹಿರಿಯರಿಗೆ ಶರಣು, ಮಕ್ಕಳಿಗೆ ಆಶೀರ್ವಾದ. ಮದುವೆ ಊಟದಲ್ಲಿ ಎರಡೂ ದವಡೆಯಲ್ಲಿ ಅಗಿಯುವಂತಾಗು ತಾಯಿ.

ನಿನ್ನ ಅಕ್ಕ,
ಕಸ್ತೂರೆವ್ವ

ತಾ.ಕ.: ಇದು ಬೇರೆ ಹಾಳೆ. ಯಾರಿಗೂ ಓದಬೇಡ.

ಸಕ್ಕರೆ ಕಟ್ಟುತ್ತ ದಾವೂದಸಾಬ ಕಾಕಾ ತಾವಾಗಿಯೇ ಹೇಳಿದರು: "ಕುಬಿಹಾಳದವ್ರು ಅಂದ್ರ, ಹೊಸ ಬೀಗರನ್ನ ಕರಕೊಂಡು ಬಂದಿದ್ರಲ್ಲ, ಅವರs? ಊಟದ ಹೊತ್ತಾಗಿತ್ತು. ನವಲಗುಂದಕ್ಕ ಹೋಗ್ರಿ, ಕಸ್ತೂರೆವ್ವನ ಖಾನಾವಳಿ ಐತಿ ಅಂದೆ. ಬೀಗ್ತಿ ಕೇಳಿದ್ಲು, ಅಲ್ಲಿ ನಿಮ್ಮವ್ರು ಯಾರರ ಅದಾರೇನ್ರಿ ಅಂತ. ಆ ಹಲ್ಲಿನ ಹರಕಿ ತೀರ್ಸಾಕ ಬಂದಾಕಿ, 'ನವಲಗುಂದದಾಗ ನಮ್ಮವ್ರು ಯಾರೂ ಇಲ್ರಿ' ಅಂದ್ಲು. ಆಕಿ ಏನು ನಿನ್ನ ತಂಗಿ?"

"ಇಲ್ರಿ ಕಾಕಾ, ಆಕಿ ಬ್ಯಾರೆ ಇರಬೇಕು" ಎಂದೆ. ಅವರು ಪೊಟ್ಟಣಕ್ಕೆ ದಾರ ಸುತ್ತಿ ನನ್ನ ಕೈಗಿಟ್ಟರು.

ಗಂಡ ಸತ್ತ ಮೇಲೆ ಪರರ ಎಂಜಲು ತಾಟು ತೊಳೆದು ಬದುಕಿದವಳು ನಾನು. ಬೀಗರ ಮುಂದೆ ನನ್ನ ಹೆಸರು ಹೇಳುವುದು ನಿನಗೆ ಎಷ್ಟು ಕಷ್ಟ ಎಂಬುದು ಗೊತ್ತಾಗದಷ್ಟು ದಡ್ಡಿಯಲ್ಲ. ಎರಡನೆಯ ಸಲ ಡಾಕ್ಟರ ಕಡೆ ಬರಬೇಕೆಂದರೆ ಮೊದಲ ಸಲದಂತೆ ನನ್ನ ಮನೆಯಲ್ಲೇ ಉಳಿಯಬೇಕಿತ್ತು. ನೀನು ತಪ್ಪಿಸಿಕೊಂಡದ್ದು ಸೂಜಿಯಿಂದಲೋ, ದೇವರ ಅಂಜಿಕೆಯಿಂದಲೋ, ನನ್ನಿಂದಲೋ? ಉತ್ತರ ಬರೆಯಬೇಡ.

ನನ್ನ ಮನೆಗೆ ಬರುವುದು ಬೇಡ. ಹುಬ್ಬಳ್ಳಿಯಿಂದ ಹಾಗೇ ಕುಬಿಹಾಳಕ್ಕೆ ತಿರುಗಿ ಹೋಗು. ಬೀಗರು ಜೊತೆಗೆ ಬಂದರೆ, ಬಾಕಿನ ಮೇಲೆ ಕೂತ ಆ ಹೆಂಗಸು ಯಾರು ಎಂದು ಕೇಳಿದರೆ, ಯಾರೋ ಸರತಿಗೆ ಕೂತವರು ಎನ್ನು. ನಾನೂ ಗಲ್ಲಕ್ಕೆ ಸೆರಗು ಹಚ್ಚಿಕೊಂಡು ಕೂತಿರುತ್ತೇನೆ. ನೀನು ಒಳಗೆ ಹೋದದ್ದು ಕಂಡರೆ ಸಾಕು.